ಗುಂಡಿ ಒತ್ತೋದಕ್ಕೆ ಇಷ್ಟು ವರ್ಷ ಓದಬೇಕಾ? ರೇಡಿಯಾಲಜಿ ಟೆಕ್ನಾಲಜಿ ತರಬೇತಿ: ಪ್ರಶ್ನೋತ್ತರ

ಪ್ರಶ್ನೆ (ಕೋರ್ಸಿಗೆ ಸೇರಬೇಕೆಂದಿರುವವರು): ನಮಸ್ಕಾರ. ರೇಡಿಯಾಲಜಿ ಟೆಕ್ನಾಲಜಿ ತಗೊಳ್ಳೋಣ ಅಂತಿದ್ದೇನೆ. ಈಗ ಎಲ್ಲ ಡಿಜಿಟಲ್, ಮಷಿನ್ ತಾನೇ ಎಕ್ಸ್‌ಪೋಷರ್ ಸೆಟ್ ಮಾಡ್ಕೊಳ್ಳುತ್ತೆ ಅಂತಾರೆ. ಹಾಗಾದ್ರೆ ವರ್ಷಗಟ್ಟಲೆ ಕಲಿಯೋದು ಏನು? ಗಣಿತ, ಫಿಸಿಕ್ಸ್ ಎಷ್ಟು ಬೇಕು?

ಉತ್ತರ (ಎಕ್ಸ್-ರೇ ವಿಭಾಗದ ಹಿರಿಯ ಟೆಕ್ನಾಲಜಿಸ್ಟ್): ಮಷಿನ್ ತಾನೇ ಮಾಡಿಕೊಳ್ಳುವುದು ಎಕ್ಸ್‌ಪೋಷರ್ ನಿಲ್ಲಿಸುವ ಕೆಲಸವೊಂದನ್ನು, ಅದೂ ನೀವು ಹೇಳಿದ ಜಾಗ ನೋಡಿ. ಚಿತ್ರ ಹಿಡಿಯುವ ಡಿಟೆಕ್ಟರ್ ಮುಂದೆ ಸಾಮಾನ್ಯವಾಗಿ ಮೂರು ಸೆನ್ಸರ್‌ಗಳಿರುತ್ತವೆ. ಯಾವುದನ್ನು ಆನ್ ಮಾಡಬೇಕು ಅನ್ನುವುದು ನಿಮ್ಮ ನಿರ್ಧಾರ. ಆ ಸೆನ್ಸರ್‌ಗೆ ಸಾಕಷ್ಟು ಕಿರಣ ತಲುಪಿದ ಕೂಡಲೇ ಎಕ್ಸ್‌ಪೋಷರ್ ಕಟ್ ಆಗುತ್ತದೆ. ಸೊಂಟಕ್ಕೆ ಲೋಹದ ಕೀಲು ಹಾಕಿಸಿಕೊಂಡವರು ಬಂದರು, ಆ ಕೀಲು ನೇರವಾಗಿ ಸೆನ್ಸರ್ ಮೇಲೇ ಕೂತಿತು ಅಂದುಕೊಳ್ಳಿ. ಲೋಹ ದಾಟಿ ಕಿರಣ ತಲುಪುವುದಿಲ್ಲ, ಮಷಿನ್ ಇನ್ನೂ ಸಾಲದು ಎಂದುಕೊಂಡು ಬ್ಯಾಕಪ್ ಟೈಮರ್ ತಡೆಯುವವರೆಗೂ ಸುರಿಯುತ್ತಲೇ ಇರುತ್ತದೆ. ಸೆನ್ಸರ್ ದೇಹದ ಅಂಚಿನಿಂದ ಹೊರಗೆ ಉಳಿದರೆ ಇದಕ್ಕೆ ತದ್ವಿರುದ್ಧ: ಬರಿ ಗಾಳಿಯಲ್ಲಿ ಬಂದ ಕಿರಣ ನೋಡಿ ತಟ್ಟನೆ ನಿಂತುಬಿಡುತ್ತದೆ, ಚಿತ್ರ ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿ ಬರುತ್ತದೆ.

ಗಣಿತ ಅಂದರೆ ಅನುಪಾತ, ವರ್ಗ, ಚೂರು ಲಾಗರಿದಮ್. ಹೆಚ್ಚೇನಿಲ್ಲ, ಆದರೆ ಬೆರಳ ತುದಿಯಲ್ಲಿರಬೇಕು. ಒಂದು ಲೆಕ್ಕ ನೋಡಿ. ಕೆ.ವಿ. ಅಂದರೆ ಟ್ಯೂಬಿನ ವೋಲ್ಟೇಜ್, ಕಿರಣ ಎಷ್ಟು ತೂರುತ್ತದೆ ಅನ್ನುವುದು ಅದರಿಂದ. ಎಂ.ಎ.ಎಸ್. ಅಂದರೆ ಕರೆಂಟನ್ನು ಸಮಯದಿಂದ ಗುಣಿಸಿದ್ದು, ಎಷ್ಟು ಕಿರಣ ಅನ್ನುವ ಲೆಕ್ಕ. 100 ಸೆಂ.ಮೀ. ದೂರದಲ್ಲಿ 70 ಕೆ.ವಿ., 5 ಎಂ.ಎ.ಎಸ್.ಗೆ ಚಿತ್ರ ಸರಿಯಾಗಿ ಬರುತ್ತಿತ್ತು. ಈಗ ಟ್ಯೂಬನ್ನು 180 ಸೆಂ.ಮೀ.ಗೆ ಸರಿಸಬೇಕು. ಕಿರಣ ದೂರದ ವರ್ಗಕ್ಕೆ ತಕ್ಕಂತೆ ತೆಳುವಾಗುತ್ತದೆ. ದೂರ 1.8 ಪಟ್ಟು, ಅದರ ವರ್ಗ 3.24. ಹಾಗಾಗಿ ಎಂ.ಎ.ಎಸ್. ಸುಮಾರು 16 ಬೇಕು. ರೋಗಿಗೆ ಅಲುಗಾಡದೆ ಇರಲು ಆಗುತ್ತಿಲ್ಲ, ಸಮಯ ಕಡಿಮೆ ಮಾಡಬೇಕು ಎಂದರೆ ಕೆ.ವಿ.ಯನ್ನು ಶೇ. 15ರಷ್ಟು ಏರಿಸಿ ಎಂ.ಎ.ಎಸ್. ಅರ್ಧ ಮಾಡಬಹುದು: 80 ಕೆ.ವಿ., 8 ಎಂ.ಎ.ಎಸ್. ಪುಕ್ಕಟೆಯಲ್ಲ, ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ವ್ಯತ್ಯಾಸ) ಸ್ವಲ್ಪ ಕೈಬಿಡುತ್ತದೆ. ಯಾಕೆ ಕೈಬಿಡುತ್ತದೆ ಅನ್ನುವುದಕ್ಕೇ ಫಿಸಿಕ್ಸ್ ಬೇಕು. ಮೂಳೆ ಬೆಳ್ಳಗೆ ಕಾಣುವುದು ಮುಖ್ಯವಾಗಿ ಫೋಟೋಎಲೆಕ್ಟ್ರಿಕ್ ಹೀರಿಕೆಯಿಂದ, ಚಿತ್ರಕ್ಕೆ ಮಂಜು ಕವಿಯುವುದು ಕಾಂಪ್ಟನ್ ಚದುರುವಿಕೆಯಿಂದ. ಕೆ.ವಿ. ಏರಿದ ಹಾಗೆ ಮೊದಲನೆಯದರ ಪಾಲು ಬೇಗ ಕುಸಿದು ಎರಡನೆಯದರ ಮೇಲುಗೈ ಆಗುತ್ತದೆ.

ಇನ್ನೊಂದು ಸಂಖ್ಯೆ ನೆನಪಿಟ್ಟುಕೊಳ್ಳಿ. ಟ್ಯೂಬಿಗೆ ಕೊಟ್ಟ ಶಕ್ತಿಯಲ್ಲಿ ಎಕ್ಸ್-ರೇ ಆಗುವುದು ಶೇ. 1ರಷ್ಟು, ಉಳಿದದ್ದು ಶಾಖ. ಬೆಳಿಗ್ಗೆ ಮಷಿನ್ ಆನ್ ಮಾಡಿ ವಾರ್ಮ್-ಅಪ್ ಮಾಡದೆ ತಣ್ಣಗಿನ ಆನೋಡ್ (ಟ್ಯೂಬಿನೊಳಗೆ ಎಕ್ಸ್-ರೇ ಹುಟ್ಟುವ ಲೋಹದ ತಟ್ಟೆ) ಮೇಲೆ ಒಮ್ಮೆಲೇ ದೊಡ್ಡ ಎಕ್ಸ್‌ಪೋಷರ್ ಹಾಕಿದರೆ ಅದು ಬಿರುಕು ಬಿಡಬಹುದು.

ಪ್ರಶ್ನೆ (ಎರಡನೇ ವರ್ಷದ ವಿದ್ಯಾರ್ಥಿ): ಸರ್, ಪೊಸಿಷನಿಂಗ್ ಪುಸ್ತಕ ಬಾಯಿಪಾಠ ಆಗಿದೆ. ಆದರೂ ಮೊಣಕೈ ಲ್ಯಾಟರಲ್ (ಪಕ್ಕದಿಂದ ತೆಗೆಯೋ ಚಿತ್ರ) ಒಂದೂ ಸರಿಯಾಗಿ ಬರ್ತಿಲ್ಲ. 90 ಡಿಗ್ರಿ ಮಡಿಸ್ತೇನೆ, ಹೆಬ್ಬೆರಳು ಮೇಲೆ ಇಡಿಸ್ತೇನೆ. ಎದೆಯ ಎಕ್ಸ್-ರೇಯಲ್ಲೂ ರೊಟೇಷನ್, ಅಂದ್ರೆ ಮೈ ತಿರುಗಿದೆ ಅಂತ ವಾಪಸ್ ಬರುತ್ತೆ.

ಉತ್ತರ (ಅದೇ ಹಿರಿಯರು): ಮೊಣಕೈ ಲ್ಯಾಟರಲ್‌ನಲ್ಲಿ ಮೊದಲು ನೋಡಬೇಕಾದ್ದು ಮೊಣಕೈಯನ್ನಲ್ಲ, ಭುಜವನ್ನು. ಭುಜ, ಮೊಣಕೈ, ಮಣಿಕಟ್ಟು ಮೂರೂ ಒಂದೇ ಮಟ್ಟದಲ್ಲಿರಬೇಕು. ಟೇಬಲ್ ತಗ್ಗಿದ್ದರೆ ಭುಜ ಮೇಲೆ ಉಳಿದು ತೋಳಿನ ಮೂಳೆ ಓರೆಯಾಗಿ ಇಳಿಯುತ್ತದೆ. ಮುಂಗೈ ಎಷ್ಟು ಚೆನ್ನಾಗಿ ಮಲಗಿದ್ದರೂ ಪ್ರಯೋಜನವಿಲ್ಲ. ಟೇಬಲ್ ಏರಿಸಿ, ಆಗದಿದ್ದರೆ ರೋಗಿಯನ್ನು ತಗ್ಗಿನ ಸ್ಟೂಲಿನಲ್ಲಿ ಕೂರಿಸಿ, ಕಂಕುಳು ಟೇಬಲ್ ಅಂಚಿಗೆ ತಾಗುವಂತೆ. ಚಿತ್ರದಲ್ಲಿ ತೋಳಿನ ಮೂಳೆಯ ಕೆಳತುದಿಯ ಎರಡು ಉಬ್ಬುಗಳಾದ ಟ್ರೋಕ್ಲಿಯಾ, ಕ್ಯಾಪಿಟುಲಮ್‌ಗಳ ದುಂಡು ಗೆರೆಗಳು ಒಂದರೊಳಗೊಂದು ಕೂತಿದ್ದರೆ ಲ್ಯಾಟರಲ್ ನಿಜವಾದದ್ದು.

ಈ 90 ಡಿಗ್ರಿ ಶಾಸ್ತ್ರಕ್ಕೆ ಬರೆದದ್ದಲ್ಲ. ಕೀಲಿನ ಹಿಂದೆ ಒಂದು ಕೊಬ್ಬಿನ ಪದರ ಇದೆ, ಸಾಮಾನ್ಯವಾಗಿ ಹಳ್ಳದೊಳಗೆ ಅಡಗಿದ್ದು ಚಿತ್ರದಲ್ಲಿ ಕಾಣುವುದಿಲ್ಲ. ಕೀಲಿನೊಳಗೆ ರಕ್ತ ತುಂಬಿದರೆ ಅದು ಹೊರಕ್ಕೆ ತಳ್ಳಿಸಿಕೊಂಡು ಕಪ್ಪು ಗೆರೆಯಾಗಿ ಕಾಣುತ್ತದೆ. ಮುರಿತ ಕಣ್ಣಿಗೆ ಬೀಳದಿದ್ದರೂ ಆ ಗೆರೆ ನೋಡಿ ವೈದ್ಯರು ಮುರಿತ ಇದ್ದೀತೆಂದು ಅನುಮಾನಿಸುತ್ತಾರೆ. ನೀವು ಕೈಯನ್ನು ನೇರವಾಗಿಟ್ಟು ತೆಗೆದರೆ ಒಲೆಕ್ರೆನಾನ್ (ಮೊಣಕೈ ಹಿಂದಿನ ಮೂಳೆಯ ತುದಿ) ಆ ಹಳ್ಳಕ್ಕೆ ನುಗ್ಗಿ ಕೊಬ್ಬನ್ನು ತಾನೇ ಹೊರತಳ್ಳುತ್ತದೆ, ಇಲ್ಲದ ಪೆಟ್ಟು ಇದ್ದಂತೆ ಕಾಣುತ್ತದೆ. ಹಾಗಂತ ಪೆಟ್ಟಾದ ಕೈಯನ್ನು ಬಲವಂತವಾಗಿ ಮಡಿಸಬೇಡಿ. ಎಷ್ಟು ಮಡಚಲು ಆಗುತ್ತದೋ ಅಷ್ಟರಲ್ಲೇ ತೆಗೆದು, ಮಡಿಸಲು ಆಗಲಿಲ್ಲ ಎಂದು ನೋಟ್ ಹಾಕಿ. ಟ್ರಾಮಾದಲ್ಲಿ ತಿರುಗಬೇಕಾದ್ದು ಟ್ಯೂಬ್, ರೋಗಿಯಲ್ಲ.

ಎದೆಗೆ ಬರೋಣ. ಪಿ.ಎ. ಎದೆಗೆ (ಕಿರಣ ಬೆನ್ನಿನ ಕಡೆಯಿಂದ ಎದೆಯ ಕಡೆಗೆ ಹಾಯುವ ಚಿತ್ರ) 180 ಸೆಂ.ಮೀ. ದೂರ, 110ರಿಂದ 125 ಕೆ.ವಿ. ಗಲ್ಲ ಮೇಲೆ, ಕೈ ಸೊಂಟದ ಮೇಲೆ, ಭುಜಗಳನ್ನು ಮುಂದಕ್ಕೆ ಉರುಳಿಸಿ ಡಿಟೆಕ್ಟರ್‌ಗೆ ಒತ್ತಿಸಿ, ಆಗ ಹೆಗಲ ಮೂಳೆ ಶ್ವಾಸಕೋಶದ ಮೇಲಿಂದ ಆಚೆ ಸರಿಯುತ್ತದೆ. ರೊಟೇಷನ್ ಸಾಮಾನ್ಯವಾಗಿ ಬರುವುದು ಕಾಲಿನಿಂದ: ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿರುತ್ತಾರೆ, ನೀವು ಭುಜ ಮಾತ್ರ ನೋಡಿರುತ್ತೀರಿ. ಹಿಂದೆ ನಿಂತು ಸೊಂಟದ ಎರಡೂ ಬದಿಗೆ ಕೈಯಿಟ್ಟು ನೋಡಿ. ಹೇಳದೆ ಕೇಳದೆ ಮಾತ್ರ ಮುಟ್ಟಬೇಡಿ. ಚಿತ್ರದಲ್ಲಿ ಎರಡೂ ಕಾಲರ್ ಮೂಳೆಗಳ ಒಳತುದಿ ಬೆನ್ನುಮೂಳೆಯ ಮುಳ್ಳಿನಿಂದ ಸಮ ದೂರದಲ್ಲಿರಬೇಕು. ಉಸಿರು ಎರಡನೇ ಸಲ ಎಳೆದಾಗ ಹಿಡಿಸಿ, ಮೊದಲ ಉಸಿರಿಗಿಂತ ಅದು ಆಳ. ವಪೆಯ (ಡಯಾಫ್ರಮ್) ಮೇಲೆ ಹಿಂಬದಿಯ ಪಕ್ಕೆಲುಬು 9-10 ಎಣಿಸಲು ಸಿಕ್ಕರೆ ಸಾಕು.

ಉತ್ತರಕ್ಕೆ ಸೇರಿಕೆ (ವಾರ್ಡ್‌ಗಳಲ್ಲಿ ಮೊಬೈಲ್ ಎಕ್ಸ್-ರೇ ಮಾಡುವ ಟೆಕ್ನಾಲಜಿಸ್ಟ್): ಐ.ಸಿ.ಯು. ಎದೆಗೆ ಗ್ರಿಡ್ (ಚದುರಿದ ಕಿರಣ ತಡೆಯುವ ಸೀಸದ ಪಟ್ಟಿಗಳ ಫಲಕ) ಹಾಕುವವರಿಗೊಂದು ಮಾತು. ಮೆತ್ತನೆಯ ಹಾಸಿಗೆಯಲ್ಲಿ ಡಿಟೆಕ್ಟರ್ ಒಂದು ಕಡೆ ಕುಸಿಯುತ್ತದೆ. ಗ್ರಿಡ್ ಓರೆಯಾದರೆ ಸೀಸದ ಪಟ್ಟಿಗಳು ಬೇಕಾದ ಕಿರಣವನ್ನೂ ತಿಂದುಹಾಕಿ ಒಂದು ಬದಿಯ ಶ್ವಾಸಕೋಶ ಇನ್ನೊಂದಕ್ಕಿಂತ ಬೆಳ್ಳಗಾಗುತ್ತದೆ. ನೋಡಿದವರಿಗೆ ನೀರು ತುಂಬಿದೆ ಅನ್ನಿಸಬಹುದು. ಅನುಮಾನ ಬಂದರೆ ಎದೆಯ ಹೊರಗಿನ ಭುಜದ ಮಾಂಸ ನೋಡಿ. ಅಲ್ಲೂ ಅದೇ ಬದಿ ಬೆಳ್ಳಗಿದ್ದರೆ ತಪ್ಪು ಗ್ರಿಡ್‌ನದು. ಫೋಕಸ್ಡ್ ಗ್ರಿಡ್ (ಪಟ್ಟಿಗಳು ಟ್ಯೂಬಿನತ್ತ ವಾಲಿರುವುದು) ಉಲ್ಟಾ ಹಾಕಿದರೆ ನಡುವೆ ಮಾತ್ರ ಚಿತ್ರ, ಎರಡೂ ಅಂಚು ಬಿಳಿ.

ಪ್ರಶ್ನೆ (ಇಂಟರ್ನ್‌ಶಿಪ್‌ನಲ್ಲಿರುವವರು): ಡಿಜಿಟಲ್‌ನಲ್ಲಿ ಚಿತ್ರ ಹೇಗಿದ್ದರೂ ಚೆನ್ನಾಗೇ ಕಾಣುತ್ತೆ. ಎಕ್ಸ್‌ಪೋಷರ್ ಹೆಚ್ಚಾಯ್ತಾ ಕಡಿಮೆಯಾಯ್ತಾ ಅಂತ ಹೇಗೆ ತಿಳಿಯೋದು ಮೇಡಂ?

ಉತ್ತರ (ತರಬೇತಿ ಕೊಡುವ ಟೆಕ್ನಾಲಜಿಸ್ಟ್): ಡಿಜಿಟಲ್ ತಂದಿಟ್ಟ ದೊಡ್ಡ ಪೇಚು ಇದೇ. ಫಿಲ್ಮ್ ಇದ್ದಾಗ ಹೆಚ್ಚಾದರೆ ಕಪ್ಪಾಗಿ ಅಲ್ಲೇ ಗೊತ್ತಾಗುತ್ತಿತ್ತು. ಈಗ ಸಾಫ್ಟ್‌ವೇರ್ ಬೆಳಕು ಸರಿಪಡಿಸಿ ಕೊಡುತ್ತದೆ. ಕಡಿಮೆಯಾದರೆ ಕಾಳುಕಾಳು ಕಾಣುತ್ತದೆ, ವೈದ್ಯರು ದೂರುತ್ತಾರೆ. ಹೆಚ್ಚಾದರೆ ಚಿತ್ರ ಇನ್ನೂ ನುಣುಪು, ಯಾರೂ ತಕರಾರು ತೆಗೆಯುವುದಿಲ್ಲ. ಬೈಸಿಕೊಳ್ಳುವುದು ಬೇಡವೆಂದು ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ ಇಡೀ ವಿಭಾಗದ ಡೋಸ್ (ರೋಗಿಗಳ ಮೈಗೆ ಹೋಗುವ ವಿಕಿರಣ) ತೆವಳಿಕೊಂಡು ಮೇಲೇರುತ್ತದೆ.

ಹಾಗಾಗಿ ಚಿತ್ರದ ಚೆಂದ ಬಿಟ್ಟು ಡೀವಿಯೇಷನ್ ಇಂಡೆಕ್ಸ್ ನೋಡುವ ಚಾಳಿ ಬೆಳೆಸಿಕೊಳ್ಳಿ. ಡಿಟೆಕ್ಟರ್‌ಗೆ ಬಂದದ್ದನ್ನು ಬರಬೇಕಾದದ್ದರಿಂದ ಭಾಗಿಸಿ, ಲಾಗರಿದಮ್ ತೆಗೆದು 10ರಿಂದ ಗುಣಿಸಿದರೆ ಸಿಗುವ ಸಂಖ್ಯೆ ಅದು. 0 ಎಂದರೆ ಸರಿಯಾಗಿ ಗುರಿಗೆ. +1 ಎಂದರೆ ಸುಮಾರು ಕಾಲು ಭಾಗ ಹೆಚ್ಚು, +3 ಎಂದರೆ ಎರಡು ಪಟ್ಟು, -3 ಎಂದರೆ ಅರ್ಧ. ಕಣ್ಣುಮುಚ್ಚಿ ಇದನ್ನೂ ನಂಬಬೇಡಿ. ಕೊಲಿಮೇಷನ್ ಅಂಚನ್ನು (ಕಿರಣ ಬೀಳುವ ಜಾಗದ ಗಡಿ) ಸಾಫ್ಟ್‌ವೇರ್ ತಪ್ಪಾಗಿ ಹಿಡಿದರೆ, ದೊಡ್ಡ ಲೋಹದ ತುಂಡಿದ್ದರೆ ಸಂಖ್ಯೆ ಸುಳ್ಳು ಹೇಳುತ್ತದೆ. ಇನ್ನೊಂದು ಮಾತು: +3 ಬಂದಿದೆ ಎಂಬ ಒಂದೇ ಕಾರಣಕ್ಕೆ ಚಿತ್ರವನ್ನು ಮತ್ತೆ ತೆಗೆಯಬೇಡಿ. ಡೋಸ್ ಹೆಚ್ಚಾಯಿತೆಂದು ಇನ್ನೊಮ್ಮೆ ಡೋಸ್ ಕೊಟ್ಟಂತಾಗುತ್ತದೆ. ಮುಂದಿನ ರೋಗಿಗೆ ಸರಿಮಾಡಿಕೊಳ್ಳಿ.

ಎಡ-ಬಲದ ಸೀಸದ ಮಾರ್ಕರನ್ನು ಎಕ್ಸ್‌ಪೋಷರ್‌ಗೆ ಮೊದಲೇ ಇಡಿ. ಆಮೇಲೆ ಕಂಪ್ಯೂಟರಿನಲ್ಲಿ ಅಕ್ಷರ ಅಂಟಿಸುವ ಸೋಮಾರಿತನದಿಂದಲೇ ಬಲ ಎಡವಾಗುವುದು.

ಪ್ರಶ್ನೆ (ಒಬ್ಬ ವಿದ್ಯಾರ್ಥಿನಿಯ ತಾಯಿ): ಮಗಳು ಇದೇ ಕೋರ್ಸ್ ಸೇರಿದ್ದಾಳೆ. ದಿನಾ ರೇಡಿಯೇಷನ್ ಮಧ್ಯೆ ಇರಬೇಕಲ್ಲ, ಮುಂದೆ ಮದುವೆ-ಮಕ್ಕಳು ಅಂದಾಗ ತೊಂದರೆಯಾಗುತ್ತಾ?

ಉತ್ತರ (ರೇಡಿಯೇಷನ್ ಸುರಕ್ಷತೆ ನೋಡಿಕೊಳ್ಳುವವರು): ಮೇಡಂ, ನಿಮ್ಮ ಆತಂಕ ಸಹಜ. ಈ ಕೆಲಸದ ಮೊದಲ ತಲೆಮಾರಿನವರು ಬರಿಗೈಯನ್ನು ಕಿರಣಕ್ಕೆ ಒಡ್ಡಿ ಬೆರಳು, ಪ್ರಾಣ ಕಳೆದುಕೊಂಡರು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1936ರಲ್ಲಿ ಅವರಿಗಾಗಿ ಸ್ಮಾರಕವನ್ನೇ ನಿಲ್ಲಿಸಿದರು. ಈಗಿನ ಕ್ರಮಗಳು ಆ ಪಾಠದಿಂದ ಬಂದವು. ಎಕ್ಸ್-ರೇ ಯಂತ್ರ ಸ್ವಿಚ್ ಬಿಟ್ಟ ಕ್ಷಣ ಕಿರಣ ನಿಲ್ಲುತ್ತದೆ, ಕೋಣೆಯಲ್ಲಿ, ಬಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಸಾಮಾನ್ಯ ಎಕ್ಸ್-ರೇ ತೆಗೆಯುವಾಗ ನಿಮ್ಮ ಮಗಳು ಸೀಸದ ತಡೆಗೋಡೆಯ ಹಿಂದಿರುತ್ತಾಳೆ.

ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಕೆಲಸಗಾರರಿಗೆ ಹೇಳಿರುವ ಮಿತಿ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣ ಡೋಸ್‌ನ ಅಳತೆ), ಯಾವುದೇ ಒಂದು ವರ್ಷದಲ್ಲಿ 50 ದಾಟಬಾರದು. ಗರ್ಭಿಣಿ ಎಂದು ತಿಳಿಸಿದ ಮೇಲೆ ಉಳಿದ ಅವಧಿಯಲ್ಲಿ ಮಗುವಿಗೆ ಸುಮಾರು 1 ಮಿಲಿಸೀವರ್ಟ್ ಮೀರದಂತೆ ಕೆಲಸ ಹಂಚಬೇಕು. ಅದಕ್ಕೇ ಬೇಗ ತಿಳಿಸುವುದು ಮುಖ್ಯ, ಹೇಳದಿದ್ದರೆ ಯಾರೂ ಹೊಂದಿಸಿಕೊಡಲಾರರು.

ಎಚ್ಚರ ಬೇಕಾದ್ದು ಫ್ಲೋರೋಸ್ಕೋಪಿ (ಎಕ್ಸ್-ರೇಯ ಲೈವ್ ಚಿತ್ರ), ಸಿ-ಆರ್ಮ್ (ಅದನ್ನು ತೋರಿಸುವ ‘ಸಿ’ ಆಕಾರದ ಯಂತ್ರ) ಬಳಿ ನಿಲ್ಲುವಾಗ. ಅಲ್ಲಿ ಡೋಸ್ ಬರುವುದು ರೋಗಿಯ ಮೈಯಿಂದ ಚದುರಿದ ಕಿರಣದಿಂದ, ಅದು ಹೆಚ್ಚು ಚದುರುವುದು ಟ್ಯೂಬ್ ಇರುವ ಬದಿಗೆ. ಆದ್ದರಿಂದ ಟ್ಯೂಬ್ ಟೇಬಲ್ ಕೆಳಗಿರಲಿ, ಸಿ-ಆರ್ಮ್ ಅಡ್ಡ ಮಲಗಿಸಿದರೆ ನಿಮ್ಮ ಮಗಳು ಡಿಟೆಕ್ಟರ್ ಬದಿಗೆ ನಿಲ್ಲಲಿ. 1 ಮೀಟರಿನಿಂದ 2 ಮೀಟರಿಗೆ ಸರಿದರೆ ಡೋಸ್ ಕಾಲು ಭಾಗಕ್ಕೆ ಇಳಿಯುತ್ತದೆ, ಎರಡು ಹೆಜ್ಜೆಯ ಕೆಲಸ. ಡೋಸ್ ಅಳೆಯುವ ಬ್ಯಾಡ್ಜ್ ಒಂದೇ ಇದ್ದರೆ ಸೀಸದ ಏಪ್ರನ್ ಒಳಗೆ, ಎದೆಯ ಮಟ್ಟದಲ್ಲಿ. ಏಪ್ರನ್ ಕಳಚಿ ಎಕ್ಸ್-ರೇ ಕೋಣೆಯಲ್ಲೇ ತೂಗುಹಾಕಿ ಬ್ಯಾಡ್ಜ್ ಅದರಲ್ಲೇ ಬಿಟ್ಟು ಹೋದರೆ ಲೆಕ್ಕ ಏಪ್ರನ್‌ನದಾಗುತ್ತದೆ, ನಿಮ್ಮ ಮಗಳದಲ್ಲ. ಏಪ್ರನ್ ಮಡಚಿ ಕುರ್ಚಿಗೆ ಎಸೆಯುವುದೂ ಬೇಡ, ಮಡಿಕೆಯಲ್ಲಿ ಒಳಗಿನ ಪದರ ಸೀಳುತ್ತದೆ, ಮೇಲಿನ ಬಟ್ಟೆ ನೋಡಿದರೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ (ಎರಡನೇ ವರ್ಷದ ವಿದ್ಯಾರ್ಥಿ): ಸಿ.ಟಿ., ಎಂ.ಆರ್.ಐ. ಬೇಗ ಕಲಿತರೆ ಒಳ್ಳೆಯದಲ್ವಾ ಸರ್? ಎಕ್ಸ್-ರೇಯಲ್ಲೇ ಎಷ್ಟು ದಿನ?

ಉತ್ತರ (ಸಿ.ಟಿ. ಟೆಕ್ನಾಲಜಿಸ್ಟ್): ಎಕ್ಸ್-ರೇಯಲ್ಲಿ ಕೈ ಪಳಗದೆ ಇಲ್ಲಿಗೆ ಬಂದವರು ಮೊದಲು ಎಡವುವುದು ಸೆಂಟರಿಂಗ್‌ನಲ್ಲಿ. ರೋಗಿಯನ್ನು ಗ್ಯಾಂಟ್ರಿಯ (ಸಿ.ಟಿ. ಯಂತ್ರದ ಬಳೆಯಂಥ ಭಾಗ) ನಟ್ಟನಡುವೆ ಇಡಬೇಕು. ಟೇಬಲ್ ಎತ್ತರವಾಗಿ ರೋಗಿ ಮೇಲಿನ ಟ್ಯೂಬಿಗೆ ಹತ್ತಿರವಾದರೆ ಸ್ಕೌಟ್ ಚಿತ್ರದಲ್ಲಿ (ಸ್ಕ್ಯಾನ್‌ಗೆ ಮೊದಲು ತೆಗೆಯುವ ಅಂದಾಜು ಚಿತ್ರ) ದಪ್ಪಗೆ ಕಾಣುತ್ತಾರೆ, ಮಷಿನ್ ಅದನ್ನೇ ನಂಬಿ ಹೆಚ್ಚು ಕರೆಂಟ್ ಹಾಕುತ್ತದೆ. ಕೆಲವು ಸೆಂಟಿಮೀಟರ್ ತಪ್ಪಿಗೆ ರೋಗಿ ಡೋಸ್ ತೆರಬೇಕು.

ಕಾಂಟ್ರಾಸ್ಟ್, ಅಂದರೆ ರಕ್ತನಾಳಗಳು ಎದ್ದು ಕಾಣಲೆಂದು ಚುಚ್ಚುವ ದ್ರವ, ಎರಡನೆಯದು. ಆಂಜಿಯೋಗೆ ಸೆಕೆಂಡಿಗೆ 4-5 ಮಿ.ಲೀ. ಹೋಗಬೇಕು, ಮೊಣಕೈ ಮಡಿಕೆಯ ದಪ್ಪ ರಕ್ತನಾಳದಲ್ಲಿ 18 ಅಥವಾ 20 ಗೇಜ್ ಸೂಜಿ ಇರಲಿ. ಮೊದಲು ಸಲೈನ್ ತಳ್ಳಿ, ಚರ್ಮ ಉಬ್ಬುತ್ತದೆಯೇ ಎಂದು ಬೆರಳಿಟ್ಟು ನೋಡಿ. ಮೈ ಬಿಸಿಯಾಗುತ್ತದೆ, ಮೂತ್ರ ಹೋದ ಹಾಗೆ ಅನ್ನಿಸುತ್ತದೆ, ಹೋಗಿರುವುದಿಲ್ಲ ಎಂದು ಮೊದಲೇ ಹೇಳಿ. ಹೇಳದಿದ್ದರೆ ಗಾಬರಿಯಲ್ಲಿ ಅಲುಗಿ ಸ್ಕ್ಯಾನ್ ಕೆಡುತ್ತದೆ. ಅಲರ್ಜಿ, ಕಿಡ್ನಿಯ ರಿಪೋರ್ಟ್ ಕೇಳದೆ ಇಂಜೆಕ್ಟರ್ ಮುಟ್ಟಬೇಡಿ.

ಎಂ.ಆರ್.ಐ.ಯಲ್ಲಿ ರೇಡಿಯೇಷನ್ ಇಲ್ಲ, ಆದರೆ ಆ ಕಾಂತಕ್ಕೆ ರಾತ್ರಿ-ಹಗಲಿಲ್ಲ. ಸ್ಕ್ಯಾನ್ ನಡೆಯದಿದ್ದಾಗಲೂ, ವಿದ್ಯುತ್ ಹೋದಾಗಲೂ ಅದು ಎಳೆಯುತ್ತಲೇ ಇರುತ್ತದೆ. ಸಾಮಾನ್ಯ ಆಕ್ಸಿಜನ್ ಸಿಲಿಂಡರ್ ಬಾಗಿಲು ದಾಟಿದರೆ ಗುಂಡಿನಂತೆ ಹಾರುತ್ತದೆ. ಲೋಹ ಉಜ್ಜುವ ಕೆಲಸ ಮಾಡಿದ್ದೀರಾ ಎಂದು ರೋಗಿಯನ್ನು ಕೇಳುವುದು ಕಣ್ಣಿನೊಳಗೆ ಕಬ್ಬಿಣದ ಚೂರು ಉಳಿದಿರಬಹುದೆಂದು.

ಪ್ರಶ್ನೆ (ಇಂಟರ್ನ್‌ಶಿಪ್‌ನಲ್ಲಿರುವವರು): ಲಾಗ್‌ಬುಕ್‌ನಲ್ಲಿ ರಿಪೀಟ್ ಬರೆದರೆ ಅಂಕ ಕಳೀತಾರೆ ಅಂತ ಎಲ್ಲರೂ ಬಿಟ್ಟುಬಿಡ್ತಾರೆ. ಬರೆಯಲೇಬೇಕಾ?

ಉತ್ತರ (ತರಬೇತಿ ಕೊಡುವ ಟೆಕ್ನಾಲಜಿಸ್ಟ್): ಬರೆಯಿರಿ. ರಿಜೆಕ್ಟ್ ಆದ ಚಿತ್ರಗಳ ಲೆಕ್ಕ ಹೇಗೂ ಸಾಮಾನ್ಯವಾಗಿ ಸಿಸ್ಟಮ್‌ನಲ್ಲಿ ಇರುತ್ತದೆ. ‘ಪೊಸಿಷನ್ ತಪ್ಪು’ ಎಂದು ಒಂದೇ ಮಾತಲ್ಲಿ ಮುಗಿಸಬೇಡಿ, ಅದರಿಂದ ನಾಳೆ ಏನು ಬದಲಿಸಬೇಕೆಂದು ತಿಳಿಯುವುದಿಲ್ಲ. ಯಾವ ವ್ಯೂ, ಏನು ಕಾಣಲಿಲ್ಲ, ಯಾಕೆ, ಎರಡನೇ ಸಲ ಏನು ಬದಲಿಸಿದಿರಿ, ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಿರಿ.

ಪ್ರತಿಕ್ರಿಯೆ (ಎರಡನೇ ವರ್ಷದ ವಿದ್ಯಾರ್ಥಿ): ಮೊಣಕೈ ಲ್ಯಾಟರಲ್, ವೃತ್ತಗಳು ಕೂಡಲಿಲ್ಲ, ಟೇಬಲ್ ತಗ್ಗಿತ್ತು, ಏರಿಸಿ ತೆಗೆದೆ. ಹೀಗೆ ಬರೆದರೆ ಸರಿನಾ ಮೇಡಂ?

ಉತ್ತರ: ಸರಿ. ಎಷ್ಟು ಏರಿಸಿದಿರಿ ಅನ್ನುವುದನ್ನೂ ಬರೆದಿಡಿ.