ಪದಚರ್ಚೆ: ‘ಲೈನ್‌ಮನ್’, ‘ಟ್ಯಾಕಲ್’ ಮತ್ತು ಜೋ ಥಾಮಸ್ ಅವರ ಆಟದ ವರ್ಷಗಳು

ಮಾನ್ಯರೇ,

ಅಮೆರಿಕನ್ ಫುಟ್‌ಬಾಲ್ ಆಟಗಾರ ಜೋ ಥಾಮಸ್ ಅವರ ಬಗ್ಗೆ ಕನ್ನಡದಲ್ಲಿ ಒಂದು ವ್ಯಕ್ತಿಪರಿಚಯವನ್ನು ಸಿದ್ಧಪಡಿಸುತ್ತಿದ್ದೇನೆ. ಮೊದಲು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪರವಾಗಿ, ಅನಂತರ 2007ರಿಂದ 2017ರವರೆಗೆ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಒಂದೇ ತಂಡದ ಪರವಾಗಿ ಆಡಿದ ಅವರು ‘ಆಫೆನ್ಸಿವ್ ಲೈನ್‌ಮನ್’. ಸ್ಥಾನವನ್ನೂ ಸೇರಿಸಿ ಹೇಳುವುದಾದರೆ ‘ಲೆಫ್ಟ್ ಟ್ಯಾಕಲ್’. ಇಸವಿಗಳನ್ನೂ ಪ್ರಶಸ್ತಿಗಳನ್ನೂ ಬರೆಯುವುದು ಸುಲಭ. ಅವರು ಮೈದಾನದಲ್ಲಿ ಮಾಡುತ್ತಿದ್ದ ಕೆಲಸವನ್ನು ಯಾವ ನಾಮಪದದಿಂದ, ಯಾವ ಕ್ರಿಯಾಪದದಿಂದ ಹೇಳಬೇಕೆಂಬುದು ಅಷ್ಟು ಸುಲಭವಲ್ಲ. ನನಗೆ ತೋಚಿದ್ದನ್ನು ಇಲ್ಲಿಟ್ಟು ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಚೆಂಡು ಯಾವ ತಂಡದ ಕೈಯಲ್ಲಿದೆಯೋ ಆ ತಂಡದ ಹನ್ನೊಂದು ಮಂದಿಯಲ್ಲಿ ಕನಿಷ್ಠ ಏಳು ಮಂದಿ ಚೆಂಡಿಟ್ಟ ಗೆರೆಯ ಮೇಲೆ ಸಾಲಾಗಿ ನಿಲ್ಲಬೇಕು. ಆ ಸಾಲಿನ ನಡುವಿನ ಐವರೇ ಲೈನ್‌ಮನ್‌ಗಳು: ಮಧ್ಯದಲ್ಲಿ ಸೆಂಟರ್, ಅವನ ಎರಡು ಮಗ್ಗುಲಲ್ಲಿ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಇವರಿಗಿಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎದುರಾಳಿಗಳು ಎರಗದಂತೆ ನೋಡಿಕೊಳ್ಳುವುದು, ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಿಕೊಡುವುದು, ಇಷ್ಟೇ ಇವರ ಕೆಲಸ. ಬಲಗೈಯಲ್ಲಿ ಎಸೆಯುವವನು ಎಸೆಯಲು ಮೈ ತಿರುಗಿಸಿದಾಗ ಅವನ ಎಡಬದಿಯಿಂದ ನುಗ್ಗಿ ಬರುವವನು ಅವನ ಕಣ್ಣಿಗೆ ಬೀಳುವುದಿಲ್ಲ; ಆದ್ದರಿಂದ ಎಡಗಡೆಯ ಟ್ಯಾಕಲ್‌ಗೆ ಐವರಲ್ಲಿ ಹೆಚ್ಚಿನ ಬೆಲೆ. ಥಾಮಸ್ ನಿಂತದ್ದು ಅಲ್ಲಿ.

ಮೊದಲು ‘ಲೈನ್‌ಮನ್’. ಕನ್ನಡ ಓದುಗರಿಗೆ ಈ ಪದ ಹೊಸದಲ್ಲವೆಂಬುದೇ ತೊಡಕು. ನಮ್ಮಲ್ಲಿ ಲೈನ್‌ಮನ್ ಎಂದರೆ ಕಂಬ ಹತ್ತಿ ವಿದ್ಯುತ್ ತಂತಿ ಸರಿಪಡಿಸುವವನು. ‘ವಿಸ್ಕಾನ್ಸಿನ್‌ನ ಶ್ರೇಷ್ಠ ಲೈನ್‌ಮನ್’ ಎಂಬ ಶೀರ್ಷಿಕೆಯನ್ನು ಓದುಗ ಹೇಗೆ ಅರ್ಥಮಾಡಿಕೊಂಡರೂ ತಪ್ಪು ಅವನದಲ್ಲ. ಕನ್ನಡದ ಪದವನ್ನೇ ಕಟ್ಟೋಣವೆಂದರೆ ‘ಸಾಲುಗಾರ’ ಎಂಬುದು ಒಂದು ಅಕ್ಷರ ಜಾರಿದರೆ ‘ಸಾಲಗಾರ’ ಆಗುತ್ತದೆ. ಕೋಟಿಗಟ್ಟಲೆ ಡಾಲರ್ ದುಡಿದವರಿಗೆ ಆ ಬಿರುದು ಒಪ್ಪುವುದಿಲ್ಲ. ‘ಪಂಕ್ತಿ’ ಎಂದೊಡನೆ ಊಟದ ಎಲೆ ಕಾಣುತ್ತದೆ. ‘ಮುಂಚೂಣಿ ಆಟಗಾರ’ ಎಂಬುದು ಕೇಳಲು ಚೆನ್ನಾಗಿದೆ, ಆದರೆ ಹಾಕಿ ಮತ್ತು ಫುಟ್‌ಬಾಲ್ ವರದಿಗಳಲ್ಲಿ ಅದು ಗೋಲು ಹೊಡೆಯುವವರಿಗೆ ಸಂದುಹೋಗಿದೆ. ಇಲ್ಲಿ ನಾವು ಹೇಳಬೇಕಾದದ್ದು ಸ್ಕೋರು ಮಾಡುವ ಅವಕಾಶವೇ ಅಪರೂಪವಾದ ಆಟಗಾರನನ್ನು. ಸದ್ಯಕ್ಕೆ ‘ಸಾಲಾಳು’ ಎಂದು ಬರೆದುಕೊಂಡಿದ್ದೇನೆ. ಕಾಲಾಳು ಎಂಬ ಪದದ ಜಾಡಿನಲ್ಲಿ ಅದು ಬೇಗ ಅರ್ಥವಾಗುತ್ತದೆಂಬ ನಂಬಿಕೆ ನನ್ನದು.

‘ಆಫೆನ್ಸಿವ್’ ಎಂಬ ವಿಶೇಷಣವನ್ನು ಯಂತ್ರಾನುವಾದ ಕೆಲವೊಮ್ಮೆ ‘ಅಪರಾಧ’ವೆಂದೂ ‘ಆಕ್ಷೇಪಾರ್ಹ’ವೆಂದೂ ಮಾಡಿಬಿಡುವುದನ್ನು ಹಲವರು ಕಂಡಿರಬಹುದು. ‘ಆಕ್ರಮಣಕಾರಿ’ ಎಂಬ ಸರಿಯೆನಿಸುವ ಅನುವಾದವೂ ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮ ಕ್ರೀಡಾಭಾಷೆಯಲ್ಲಿ ಆಕ್ರಮಣಕಾರಿ ಎಂಬುದು ಆಟದ ಮನೋಧರ್ಮವನ್ನು ಹೇಳುತ್ತದೆ, ಅಮೆರಿಕನ್ ಫುಟ್‌ಬಾಲಿನಲ್ಲಿ ಅದು ಚೆಂಡು ಯಾರ ಕೈಯಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ದಿನವಿಡೀ ಕಾವಲಿನ ಕೆಲಸ ಮಾಡುವವನನ್ನು ಆಕ್ರಮಣಕಾರಿ ಎಂದರೆ ವಾಕ್ಯ ತಾನೇ ತನ್ನನ್ನು ಅಲ್ಲಗಳೆಯುತ್ತದೆ. ‘ಚೆಂಡುಳ್ಳ ತಂಡದ ಸಾಲಾಳು’ ಎಂಬುದು ಉದ್ದವಾದರೂ ನಿಜ ಹೇಳುತ್ತದೆ.

‘ಟ್ಯಾಕಲ್’ ಪದದ ತೊಡಕು ಇನ್ನೂ ಹೆಚ್ಚಿನದು. ಕಬಡ್ಡಿಯ ನೇರಪ್ರಸಾರದಿಂದಾಗಿ ಟ್ಯಾಕಲ್ ಎಂದರೆ ರೈಡರ್‌ನನ್ನು ಹಿಡಿದು ಕೆಡವುವುದು ಎಂದು ಕನ್ನಡಿಗರಿಗೆಲ್ಲ ಗೊತ್ತು. ಅಮೆರಿಕನ್ ಫುಟ್‌ಬಾಲಿನಲ್ಲೂ ಆ ಪದ ಕ್ರಿಯೆಯಾಗಿ ಬಂದಾಗ ಅರ್ಥ ಅದೇ: ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವುವುದು. ಆದರೆ ‘ಲೆಫ್ಟ್ ಟ್ಯಾಕಲ್’ ಎಂಬ ಸ್ಥಾನದಲ್ಲಿ ನಿಂತವನು ಯಾರನ್ನೂ ಹಾಗೆ ಕೆಡವುವುದಿಲ್ಲ. ಹಾಗೆ ಕೆಡವಲು ಬರುವವರನ್ನು ದೂರವಿಡುತ್ತಾನೆ. ಹನ್ನೊಂದು ಮಂದಿಯೇ ಚೆಂಡಿದ್ದಾಗಲೂ ಇಲ್ಲದಾಗಲೂ ಆಡಬೇಕಾಗಿದ್ದ ಕಾಲದ ಪಳೆಯುಳಿಕೆ ಆ ಹೆಸರು. ವೃತ್ತಿ ಫುಟ್‌ಬಾಲ್ ಲೀಗ್ 1950ರಲ್ಲಿ ಆಟಗಾರರನ್ನು ಎಷ್ಟು ಬಾರಿಯಾದರೂ ಬದಲಾಯಿಸಬಹುದೆಂಬ ನಿಯಮವನ್ನು ಕಾಯಂಗೊಳಿಸಿದ ಮೇಲೆ ಎರಡೂ ಕೆಲಸಗಳು ಬೇರೆಯಾದವು, ಹೆಸರು ಮಾತ್ರ ಎರಡೂ ಕಡೆ ಉಳಿಯಿತು. ಥಾಮಸ್ ಅವರೇ ಈ ಹಳೆಯ ಅರ್ಥಕ್ಕೆ ಒಮ್ಮೆ ದುಬಾರಿ ಬೆಲೆ ತೆತ್ತರು. 2006ರ ಜನವರಿಯಲ್ಲಿ ಆಬರ್ನ್ ವಿಶ್ವವಿದ್ಯಾಲಯದ ವಿರುದ್ಧದ ಕ್ಯಾಪಿಟಲ್ ಒನ್ ಬೌಲ್ ಪಂದ್ಯದಲ್ಲಿ, ಚೆಂಡು ಎದುರಾಳಿಗಳ ಕೈಯಲ್ಲಿದ್ದಾಗ ಆಡುವ ತಮ್ಮದೇ ತಂಡದ ಸಾಲಿನ ಆಟಗಾರರು ಗಾಯಗೊಂಡು ಕಡಿಮೆಯಾಗಿದ್ದರಿಂದ ಅವರನ್ನು ಅಲ್ಲಿಗೂ ಇಳಿಸಲಾಯಿತು. ಚೆಂಡು ಹಿಡಿದವನನ್ನು ಬೆನ್ನಟ್ಟುವ ಆ ಪಾತ್ರದಲ್ಲೇ ಮೊಣಕಾಲಿನ ಅಸ್ಥಿಬಂಧ ಹರಿಯಿತು. ಇಂಥ ಪ್ರಸಂಗವನ್ನು ಬರೆಯುವಾಗ ಒಂದೇ ವಾಕ್ಯದಲ್ಲಿ ‘ಟ್ಯಾಕಲ್ ಆದವರು ಟ್ಯಾಕಲ್ ಮಾಡಲು ಹೋಗಿ’ ಎಂದು ಬರೆಯಬೇಕಾಗಿ ಬರುತ್ತದೆ, ಓದುಗ ಅಲ್ಲೇ ನಿಲ್ಲುತ್ತಾನೆ. ಸ್ಥಾನದ ಹೆಸರನ್ನು ‘ಟ್ಯಾಕಲ್’ ಎಂದೇ ಇಟ್ಟು, ಕ್ರಿಯೆಯನ್ನು ‘ಕೆಡವು’ ಎಂದು ಕನ್ನಡದಲ್ಲೇ ಬರೆದರೆ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆಂದು ನನಗನ್ನಿಸುತ್ತದೆ.

ಈ ಸ್ಥಾನಕ್ಕೆ ಒಪ್ಪುವ ಹಳೆಯ ಪದವೊಂದು ನಮ್ಮಲ್ಲಿದೆ ಎಂಬುದನ್ನೂ ಹೇಳಬೇಕು. ಭಾರತ ಯುದ್ಧದ ಕಥೆಯಲ್ಲಿ ಮಹಾರಥಿಯ ರಥದ ಎಡಬಲದ ಗಾಲಿಗಳನ್ನು ಕಾಯುವ ವೀರರಿಗೆ ಚಕ್ರರಕ್ಷಕರೆಂದು ಹೆಸರು. ಅರ್ಜುನನ ಎಡಚಕ್ರಕ್ಕೆ ಯುಧಾಮನ್ಯು, ಬಲಚಕ್ರಕ್ಕೆ ಉತ್ತಮೌಜ. ಬಾಣ ಬಿಡುವವನು ಬೇರೆ, ಅವನು ನಿಶ್ಚಿಂತೆಯಿಂದ ಬಿಡುವಂತೆ ಮಗ್ಗುಲು ಕಾಯುವವನು ಬೇರೆ, ಕೀರ್ತಿಯೆಲ್ಲ ಮೊದಲನೆಯವನಿಗೆ. ಪದ ಕರಾರುವಾಕ್ಕಾಗಿದೆ. ಆದರೆ ಪರಿಚಯಲೇಖನದಲ್ಲಿ ‘ಎಡ ಚಕ್ರರಕ್ಷಕ ಜೋ ಥಾಮಸ್’ ಎಂದರೆ ಯಕ್ಷಗಾನದ ಒಡ್ಡೋಲಗದ ಧಾಟಿ ಬರುತ್ತದೆ. ವಿವರಣೆಯಲ್ಲಿ ಒಮ್ಮೆ ಬಂದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ‘ಬ್ಲಾಕ್’ ಎಂಬ ಕ್ರಿಯೆಯ ಬಗ್ಗೆ. ಕೈಗೆ ಮೊದಲು ಬರುವುದು ‘ತಡೆಹಿಡಿ’. ಇದು ತಪ್ಪು, ಸೂಕ್ಷ್ಮವಾದ ಆದರೆ ದೊಡ್ಡ ತಪ್ಪು. ಸಾಲಾಳು ಎದುರಾಳಿಯನ್ನು ಅಂಗೈಯಿಂದ ಒತ್ತಬಹುದು, ಎದೆಗೆ ಎದೆ ಕೊಟ್ಟು ನಿಲ್ಲಿಸಬಹುದು, ದೂಡಬಹುದು, ಹಿಡಿದೆಳೆದು ನಿರ್ಬಂಧಿಸುವಂತಿಲ್ಲ. ಹಿಡಿದರೆ ‘ಹೋಲ್ಡಿಂಗ್’ ಎಂಬ ನಿಯಮಭಂಗ, ತಂಡಕ್ಕೆ ಹತ್ತು ಗಜಗಳ ದಂಡ. ‘ಥಾಮಸ್ ಎದುರಾಳಿಯನ್ನು ತಡೆಹಿಡಿದರು’ ಎಂದು ಬರೆದರೆ ಅವರ ಮೇಲೆ ಆರೋಪ ಹೊರಿಸಿದಂತೆ. ‘ಅಡ್ಡಗಟ್ಟು’ ಎಂಬುದರಲ್ಲಿ ದಾರಿಗಳ್ಳರ ವಾಸನೆಯಿದೆ. ಅದಕ್ಕಿಂತ ಮುಖ್ಯವಾಗಿ, ಅಡ್ಡಗಟ್ಟುವವನು ಮುಂದೆ ಹೋಗುತ್ತಾನೆ, ಎಸೆತದ ವೇಳೆ ಟ್ಯಾಕಲ್ ಹಿಂದೆ ಹಿಂದೆ ಸರಿಯುತ್ತಲೇ ನಿಲ್ಲಿಸುತ್ತಾನೆ. ಹಳಗನ್ನಡದ ‘ಆನ್’ ಧಾತುವಿಗೆ ಹೊರು, ತಾಳು, ಎದುರಿಸು ಎಂಬ ಅರ್ಥಗಳೆಲ್ಲ ಒಟ್ಟಿಗಿವೆ. ಥಾಮಸ್ ಅವರ ಆಟ ನೋಡಿದವರಿಗೆ ಇದಕ್ಕಿಂತ ಒಪ್ಪುವ ಕ್ರಿಯಾಪದ ಸಿಗಲಾರದು. ಇಂದಿನ ಓದುಗನಿಗೆ ‘ಆಂತರು’ ಎಂದರೆ ಟಿಪ್ಪಣಿ ಬೇಕಾಗುತ್ತದೆ. ಆದ್ದರಿಂದ ‘ಎಸೆತದ ಕಾವಲು’ ಮತ್ತು ‘ದಾರಿ ಬಿಡಿಸುವುದು’ ಎಂದು ಎರಡು ಕೆಲಸಗಳಿಗೆ ಎರಡು ಪದಗಳನ್ನು ಬಳಸಿ, ಸಾಮಾನ್ಯ ಕ್ರಿಯೆಗೆ ಬರಿಯ ‘ತಡೆ’ ಎಂದು ಬರೆಯುವುದು ಒಳ್ಳೆಯದೆಂದು ತೋರುತ್ತದೆ. ಇದಕ್ಕಿಂತ ಬಿಗಿಯಾದ ಆಡುಮಾತು ಕುಸ್ತಿಯ ಪರಿಭಾಷೆಯಲ್ಲಿ ಇದ್ದರೆ ತಿಳಿದವರು ತಿಳಿಸಬೇಕು.

ಇನ್ನು ‘ಕಾಲೇಜು ವೃತ್ತಿಜೀವನ’ ಎಂಬ, ಅನುವಾದಿತ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಪ್ರಯೋಗ. ಕಾಲೇಜಿನಲ್ಲಿ ಆಡುತ್ತಿದ್ದಾಗ ಥಾಮಸ್ ವಿದ್ಯಾರ್ಥಿ. ಆ ಕಾಲದ ನಿಯಮದಂತೆ ವಿದ್ಯಾರ್ಥಿವೇತನ ಉಂಟು, ಸಂಬಳ ಇಲ್ಲ. ವೃತ್ತಿಯೇ ಇಲ್ಲದಿರುವಲ್ಲಿ ವೃತ್ತಿಜೀವನ ಎಲ್ಲಿಯದು? ಜೊತೆಗೆ, ಬರಿಯ ‘ಕಾಲೇಜು’ ಎಂದರೆ ನಮ್ಮ ಓದುಗ ಪಿಯುಸಿಯನ್ನು ನೆನೆಯುತ್ತಾನೆ. ಮ್ಯಾಡಿಸನ್‌ನಲ್ಲಿರುವ ವಿಸ್ಕಾನ್ಸಿನ್‌ನ ಕ್ಯಾಂಪ್ ರಾಂಡಲ್ ಕ್ರೀಡಾಂಗಣದಲ್ಲಿ ಆಗ ಸುಮಾರು 80,000 ಜನ ಕೂರುತ್ತಿದ್ದರು. ನಾನು ‘ವಿಶ್ವವಿದ್ಯಾಲಯದ ಆಟದ ವರ್ಷಗಳು’ ಎಂದು ಬರೆದಿದ್ದೇನೆ. 2006ರ ಜನವರಿಯ ಗಾಯದ ಬಳಿಕ ಮರಳಿ ಬಂದು, ಅದೇ ವರ್ಷ ದೇಶದ ಅತ್ಯುತ್ತಮ ಒಳಸಾಲಿನ ಆಟಗಾರನಿಗೆ ಸಲ್ಲುವ ಔಟ್‌ಲ್ಯಾಂಡ್ ಟ್ರೋಫಿ ಪಡೆದದ್ದು, ವಿಶ್ವವಿದ್ಯಾಲಯಕ್ಕಾಗಿ ಗುಂಡು ಮತ್ತು ಚಕ್ರ ಎಸೆದದ್ದು ಎಲ್ಲವೂ ಆ ಶೀರ್ಷಿಕೆಯಡಿ ಹೊಂದಿಕೊಳ್ಳುತ್ತವೆ.

ಸಂಬಳದ ಆಟಕ್ಕೆ ‘ವೃತ್ತಿಪರ’ ಎನ್ನುವುದಕ್ಕಿಂತ ‘ವೃತ್ತಿ’ ಎನ್ನುವುದೇ ಮೇಲು. ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂದು ಕನ್ನಡ ಬಹಳ ಹಿಂದೆಯೇ ಈ ಭೇದವನ್ನು ಸ್ಪಷ್ಟವಾಗಿ ಮಾಡಿಕೊಂಡಿದೆ. ‘ವೃತ್ತಿಪರ’ ಎಂಬುದು ಈಗ ಕೆಲಸದ ಅಚ್ಚುಕಟ್ಟುತನವನ್ನು ಹೊಗಳುವ ಮಾತಾಗಿದೆ. ಹಾಗೆ ನೋಡಿದರೆ ಥಾಮಸ್ ವಿದ್ಯಾರ್ಥಿಯಾಗಿದ್ದಾಗಲೂ ವೃತ್ತಿಪರರೇ.

ವೃತ್ತಿ ತಂಡಗಳು ಹೊಸ ಆಟಗಾರರನ್ನು ಒಂದಾದ ಮೇಲೊಂದರಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’ ಕುರಿತು ಹೆಚ್ಚು ಹೇಳಬೇಕಿಲ್ಲ. ‘2007ರ ಕರಡಿನಲ್ಲಿ ಮೂರನೆಯವರು’ ಎಂದು ಯಾರೂ ಬರೆಯಬಾರದು. ‘ಹರಾಜು’ ಎಂದರೂ ಸರಿಯಾಗದು, ಏಕೆಂದರೆ ಇಲ್ಲಿ ಕೂಗು ಇಲ್ಲ. ಹಿಂದಿನ ವರ್ಷ ಹೆಚ್ಚು ಸೋತ ತಂಡ ಮೊದಲು ಆರಿಸಿಕೊಳ್ಳುತ್ತದೆ. 2006ರಲ್ಲಿ ಹದಿನಾರರಲ್ಲಿ ನಾಲ್ಕೇ ಪಂದ್ಯ ಗೆದ್ದಿದ್ದ ಕ್ಲೀವ್‌ಲ್ಯಾಂಡ್‌ಗೆ ಮೂರನೆಯ ಸರದಿ ಸಿಕ್ಕಿದ್ದು ಹಾಗೆ. ‘ಆಯ್ಕೆಸರದಿ’ ಎಂಬುದು ಸಾಕಷ್ಟು ಸ್ಪಷ್ಟ. ಆ ಸರದಿಯ ದಿನ ಥಾಮಸ್ ನ್ಯೂಯಾರ್ಕಿನ ವೇದಿಕೆಗೆ ಹೋಗದೆ ತಂದೆಯೊಡನೆ ಮಿಚಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದರು. ಅವರ ಸ್ವಭಾವವನ್ನು ಹೇಳಲು ಈ ಒಂದು ಸಂಗತಿ ಸಾಕೆಂದು ನಾನು ವಿಶೇಷಣಗಳನ್ನೆಲ್ಲ ಕೈಬಿಟ್ಟಿದ್ದೇನೆ.

ಕೊನೆಯದು, ನಾನು ನಿಜವಾಗಿ ಸಿಕ್ಕಿಕೊಂಡಿರುವ ಪದ: ‘ಸ್ನ್ಯಾಪ್’. ಸೆಂಟರ್ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವ ಕ್ರಿಯೆಗೂ, ಅದರಿಂದ ಶುರುವಾಗಿ ಕೆಲವೇ ಕ್ಷಣಗಳಲ್ಲಿ ಮುಗಿಯುವ ಆಟದ ತುಣುಕಿಗೂ ಅದೇ ಹೆಸರು. ಓಟ, ಗೋಲು, ವಿಕೆಟ್ ಯಾವುದೂ ಸಾಲಾಳಿನ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಅವನ ದಾಖಲೆಯನ್ನು ಈ ತುಣುಕುಗಳಲ್ಲೇ ಎಣಿಸಬೇಕು. ಥಾಮಸ್ 2007ರ ಮೊದಲ ಪಂದ್ಯದಿಂದ 2017ರ ಅಕ್ಟೋಬರ್ 22ರಂದು ಟೆನೆಸಿ ಟೈಟನ್ಸ್ ವಿರುದ್ಧ ಎಡತೋಳಿನ ಸ್ನಾಯು ಹರಿಯುವವರೆಗೆ ಒಂದನ್ನೂ ಬಿಡದೆ 10,363 ಸ್ನ್ಯಾಪ್‌ಗಳನ್ನು ಆಡಿದರು. ಆ ಅವಧಿಯಲ್ಲಿ ತಂಡಕ್ಕೆ ಒಟ್ಟು ಆರು ಮಂದಿ ಮುಖ್ಯ ತರಬೇತುದಾರರಿದ್ದರು, ತಂಡ ಒಮ್ಮೆಯೂ ನಾಕ್‌ಔಟ್ ಹಂತ ತಲುಪಲಿಲ್ಲ. ಅವರು ಮಾತ್ರ ಮೊದಲ ಹತ್ತೂ ವರ್ಷ ಲೀಗಿನ ತಾರಾ ಆಟಗಾರರ ಪಂದ್ಯವಾದ ಪ್ರೋ ಬೌಲ್‌ಗೆ ಆಯ್ಕೆಯಾದರು, 2018ರಲ್ಲಿ ನಿವೃತ್ತರಾಗಿ 2023ರಲ್ಲಿ ಅರ್ಹತೆ ದೊರೆತ ಮೊದಲ ವರ್ಷವೇ ಓಹಾಯೋದ ಕ್ಯಾಂಟನ್‌ನಲ್ಲಿರುವ, ವೃತ್ತಿ ಫುಟ್‌ಬಾಲಿನ ಶ್ರೇಷ್ಠರಿಗೆ ಮೀಸಲಾದ ಹಾಲ್ ಆಫ್ ಫೇಮ್ ಸೇರಿದರು. ಸ್ನ್ಯಾಪ್ ಎಂಬುದಕ್ಕೆ ‘ಎಸೆತ’ ಎಂದರೆ ಕ್ರಿಕೆಟ್ ನೆನಪಾಗುವುದಲ್ಲದೆ ಕ್ವಾರ್ಟರ್‌ಬ್ಯಾಕ್ ಎಸೆಯುವುದಕ್ಕೆ ಪದವೇ ಉಳಿಯುವುದಿಲ್ಲ. ‘ಸರದಿ’ಯನ್ನು ಡ್ರಾಫ್ಟ್‌ಗೆ ಕೊಟ್ಟಾಗಿದೆ. ‘ಪಟ್ಟು’, ‘ವರಸೆ’ ಎರಡೂ ಒಬ್ಬರ ಕೈಚಳಕವನ್ನು ಹೇಳುತ್ತವೆ, ಇಪ್ಪತ್ತೆರಡು ಮಂದಿ ಒಮ್ಮೆಲೇ ಕದಲುವುದನ್ನಲ್ಲ. ಓಹಾಯೋ ಕಡೆ ನೆಲೆಸಿ ಈ ಆಟವನ್ನು ಮನೆಯಲ್ಲಿ ಕನ್ನಡದಲ್ಲೇ ಮಾತಾಡಿಕೊಂಡು ನೋಡುವವರು ಯಾರಾದರೂ ಇಲ್ಲಿದ್ದರೆ, ಸ್ನ್ಯಾಪ್‌ಗೆ ತಾವು ಏನೆನ್ನುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಬೇರೆ ಪದ ಸಿಗದಿದ್ದರೆ ‘ಸ್ನ್ಯಾಪ್’ ಎಂದೇ ಅಚ್ಚಿಗೆ ಕಳುಹಿಸುವೆನು.