ಪದಚರ್ಚೆ: ಕೂರುವುದು, ಹಿಡಿಸುವುದು, ಒಗ್ಗುವುದು – ‘ಕಂಪ್ಯಾಟಿಬಲ್’ಗೆ ಯಾವುದು?

ಗೆಳೆಯರೇ, ನಮಸ್ಕಾರ.

ಅಕ್ಕನ ಮಗನಿಗೆ ಮನೆಯಲ್ಲೇ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಡೋಣ ಎಂದು ಹೊರಟಿದ್ದೇನೆ. ಯಾವ ಪ್ರೊಸೆಸರ್‌ಗೆ ಯಾವ ಬೋರ್ಡು, ಯಾವ ಬೋರ್ಡಿಗೆ ಯಾವ ರ‍್ಯಾಮ್ ಎಂದು ಕನ್ನಡದಲ್ಲೇ ಒಂದು ಪಟ್ಟಿ ಬರೆಯುತ್ತಿದ್ದೇನೆ. ಅವನ ಗೆಳೆಯರೂ ಕೇಳಿದ್ದಾರೆ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಎಂಬ ಹೆಸರುಗಳು ಹಾಗೇ ಇರಲಿ, ಎಲ್ಲರಿಗೂ ಗೊತ್ತಿರುವಂಥವು. ನಾನು ನಿಂತುಬಿಟ್ಟದ್ದು ‘ಕಂಪ್ಯಾಟಿಬಲ್’ ಎಂಬಲ್ಲಿ, ಅಂದರೆ ಒಂದು ಭಾಗ ಇನ್ನೊಂದರ ಜೊತೆ ಸೇರಿ ಕೆಲಸ ಮಾಡುತ್ತದೆ ಎನ್ನುವಲ್ಲಿ.

ಮೊದಲು ‘ಹೊಂದಾಣಿಕೆ’ ಎಂದು ಬರೆದೆ. ಸಾಮಾನ್ಯವಾಗಿ ಬರೆಯುವುದು ಅದನ್ನೇ, ಅಲ್ವಾ? ಆದರೆ ನಮ್ಮ ದಿನದ ಮಾತಿನಲ್ಲಿ ಹೊಂದಾಣಿಕೆ ಎಂದರೆ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗುವುದು. ಗಂಡ ಹೆಂಡತಿ ಹೊಂದಾಣಿಕೆ ಮಾಡಿಕೊಳ್ಳುತ್ತಾರೆ. ಚುನಾವಣೆ ಬಂದರೆ ಪಕ್ಷಗಳು ಒಳಹೊಂದಾಣಿಕೆ ಮಾಡಿಕೊಳ್ಳುತ್ತವೆ. ಕಂಪ್ಯೂಟರಿನ ಭಾಗಗಳಲ್ಲಿ ಈ ಬಗ್ಗುವಿಕೆ ಇಲ್ಲ. ಡಿಡಿಆರ್4, ಡಿಡಿಆರ್5 ಎಂದು ರ‍್ಯಾಮಿನ ಎರಡು ತಲೆಮಾರುಗಳಿವೆ. ಡೆಸ್ಕ್‌ಟಾಪಿಗೆ ಹಾಕುವ ಎರಡರ ಕಡ್ಡಿಗಳಿಗೂ 288 ಪಿನ್ನುಗಳೇ. ಆದರೆ ಅಂಚಿನ ಕಚ್ಚು ಇರುವ ಜಾಗ ಬೇರೆ. ಒಂದರ ಸ್ಲಾಟಿಗೆ ಇನ್ನೊಂದು ಇಳಿಯುವುದೇ ಇಲ್ಲ. ಒತ್ತಿದರೆ ಸ್ಲಾಟು ಮುರಿಯುತ್ತದೆ, ಅಷ್ಟೆ.

ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬೆಲೆ ವಿಚಾರಿಸುತ್ತಾ ಓಡಾಡುವಾಗ ಅಂಗಡಿಯವರ ಮಾತಿಗೆ ಕಿವಿಗೊಟ್ಟೆ. ‘ಇದರಲ್ಲಿ ಅದು ಕೂರಲ್ಲ.’ ‘ಈ ಕ್ಯಾಬಿನೆಟ್‌ನಲ್ಲಿ ಆ ಬೋರ್ಡು ಹಿಡಿಸಲ್ಲ.’ ‘450 ವ್ಯಾಟ್ ಸಾಲಲ್ಲ, 550 ಹಾಕಿ.’ ‘ಇದಕ್ಕೆ ಅದು ಸೆಟ್ ಆಗಲ್ಲ.’ ಹೀಗೆ ಒಂದೊಂದು ತೊಡಕಿಗೂ ಒಂದೊಂದು ಮಾತು. ಬೋರ್ಡಿನ ಮೇಲಿನ ಸಾಕೆಟ್ಟಿನಲ್ಲಿ ಪ್ರೊಸೆಸರ್ ಕೂರುತ್ತದೆ. 170 ಮಿ.ಮೀ. ಚೌಕದ ಮಿನಿ ಐಟಿಎಕ್ಸ್ ಬೋರ್ಡಿಗೆಂದೇ ಮಾಡಿದ ಪುಟ್ಟ ಕ್ಯಾಬಿನೆಟ್ ಡಬ್ಬಿಯಲ್ಲಿ 305 ಮಿ.ಮೀ. ಉದ್ದದ ಎಟಿಎಕ್ಸ್ ಬೋರ್ಡು ಹಿಡಿಸುವುದಿಲ್ಲ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿಗೆ 550 ವ್ಯಾಟಿನ ಪವರ್ ಸಪ್ಲೈ ಇರಲಿ ಎಂದು ಅದರ ಕಂಪನಿ ಎನ್‌ವಿಡಿಯಾ ಹೇಳುತ್ತದೆ, ಅದಕ್ಕಿಂತ ಕಡಿಮೆಯಾದರೆ ಸಾಲದೇ ಹೋಗಬಹುದು. ಇವನ್ನೆಲ್ಲ ‘ಹೊಂದಾಣಿಕೆ ಇಲ್ಲ’ ಎಂದು ಬರೆದರೆ ಏನು ತಪ್ಪಿದೆ ಎಂದು ಓದುವವರಿಗೆ ತಿಳಿಯುವುದಿಲ್ಲ. ಅಳತೆಯೋ, ಆಕಾರವೋ, ಕರೆಂಟೋ?

ಎಲ್ಲಕ್ಕಿಂತ ಕಷ್ಟ ಎಂದರೆ, ಕೂರುತ್ತದೆ ಆದರೆ ಓಡುವುದಿಲ್ಲ ಎಂಬ ಸ್ಥಿತಿ. ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ 2015ರಲ್ಲಿ ಬಂತು. 2017ರಲ್ಲಿ ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಬಂದಾಗಲೂ ಪಿನ್ನುಗಳ ಎಣಿಕೆ ಅದೇ 1151. ಹಳೆಯ ಬೋರ್ಡಿನಲ್ಲಿ ಇಟ್ಟರೆ ಅಚ್ಚುಕಟ್ಟಾಗಿ ಕೂರುತ್ತವೆ. ಆದರೆ ಯಾವ ಪಿನ್ನಿಗೆ ಯಾವ ಕೆಲಸ ಎಂಬುದು ಬದಲಾಗಿತ್ತು. ಅವಕ್ಕೆ ಹೊಸ 300 ಸರಣಿಯ ಬೋರ್ಡೇ ಬೇಕು.

2021ರಲ್ಲಿ ನಾನೂ ಇಂಥದ್ದರಲ್ಲಿ ಸಿಕ್ಕಿಕೊಂಡಿದ್ದೆ. ಬಿ450 ಬೋರ್ಡು, ಅದಕ್ಕೆ ಎಎಂಡಿಯ ರೈಜೆನ್ 5600ಎಕ್ಸ್ ಪ್ರೊಸೆಸರ್. ‘ಇದಕ್ಕೆ ಅದು ಆಗುತ್ತಾ?’ ಎಂದು ಅಂಗಡಿಯಲ್ಲಿ ಕೇಳಿದೆ. ‘ಆಗುತ್ತೆ’ ಎಂದರು. ಮನೆಗೆ ತಂದು ಜೋಡಿಸಿದೆ. ಎಎಂ4 ಸಾಕೆಟ್ಟಿನಲ್ಲಿ ಸಲೀಸಾಗಿ ಕೂತಿತು. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಎರಡು ದಿನ ರ‍್ಯಾಮ್ ತೆಗೆದು ಹಾಕಿ, ತೆಗೆದು ಹಾಕಿ ಸಾಕಾಯಿತು. ಬೋರ್ಡು ತಯಾರಾದಾಗ ಆ ಪ್ರೊಸೆಸರ್ ಹುಟ್ಟಿಯೇ ಇರಲಿಲ್ಲ, ಹಾಗಾಗಿ ಬೋರ್ಡಿಗೆ ಅದರ ಗುರುತೇ ಸಿಗಲಿಲ್ಲ. ಹೊಸ ಬಯೋಸ್ (ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಹಾಕಿಸಿದ ಮೇಲೆ ಸರಿಯಾಯಿತು. ‘ಆಗುತ್ತೆ’ ಎಂಬುದು ಸುಳ್ಳಲ್ಲ. ಆದರೆ ಆ ಒಂದು ಮಾತಿನಲ್ಲಿ ಕೂರುವುದೂ ಓಡುವುದೂ ಒಂದಾಗಿ ಹೋಗಿತ್ತು. ಅದಕ್ಕೇ ಈ ಪದದ ಬಗ್ಗೆ ನನಗೆ ಇಷ್ಟು ಕಾಳಜಿ.

ಇದಕ್ಕೆ ನನಗೆ ಹೊಳೆದ ಮಾತು ‘ಒಗ್ಗು’. ‘ಆ ಊರಿನ ನೀರು ನನಗೆ ಒಗ್ಗಲಿಲ್ಲ’ ಎನ್ನುತ್ತೇವೆ. ನೀರು ಗಂಟಲಲ್ಲಿ ಇಳಿದಿರುತ್ತದೆ, ಮೈಗೆ ಹಿಡಿದಿರುವುದಿಲ್ಲ. ‘ಬೋರ್ಡಿನಲ್ಲಿ ಕೂರುತ್ತದೆ, ಆದರೆ ಬಯೋಸ್ ಬದಲಿಸದೆ ಒಗ್ಗುವುದಿಲ್ಲ’ ಎಂದು ಬರೆದು ಅಕ್ಕನ ಮಗನಿಗೆ ತೋರಿಸಿದೆ. ವಿವರಣೆ ಕೇಳದೆ ಅರ್ಥ ಮಾಡಿಕೊಂಡ.

ವಾಕ್ಯಗಳ ಒಳಗೆ ಹೀಗೆ ಕೂರು, ಹಿಡಿಸು, ಸಾಲು, ಒಗ್ಗು ಎಂಬ ನಾಲ್ಕು ಕ್ರಿಯಾಪದಗಳಿಂದ ಕೆಲಸ ಆಗುತ್ತಿದೆ. ಪಟ್ಟಿಯ ತಲೆಬರಹಕ್ಕೆ ಮಾತ್ರ ಒಂದು ನಾಮಪದ ಬೇಕು. ಪಕ್ಕದಲ್ಲಿ ಕೂತಿದ್ದ ಅಮ್ಮ ‘ಸಾಲಾವಳಿ ಅಂತ ಬರಿ’ ಎಂದರು. ಹುಡುಗ ಹುಡುಗಿಯ ಜಾತಕ ಕೂಡಿಬರುತ್ತದೆಯೇ ಎಂದು ನೋಡುವುದು ಸಾಲಾವಳಿ. ಕೊಳ್ಳುವ ಮುಂಚೆಯೇ ಜೋಡಿ ನೋಡುವುದು ಎಂಬ ಭಾವ ಅದರಲ್ಲಿ ಚೆನ್ನಾಗಿ ಬರುತ್ತದೆ. ಆದರೆ ಮದುವೆಯ ನೆನಪು ಜಾಸ್ತಿ ಅಂಟಿಕೊಂಡಿದೆ. ನನ್ನ ಒಲವು ‘ತಾಳೆ’ ಕಡೆಗಿದೆ. ಲೆಕ್ಕ ತಾಳೆ ನೋಡುತ್ತೇವೆ, ಸಹಿ ತಾಳೆ ನೋಡುತ್ತೇವೆ. ‘ಪ್ರೊಸೆಸರ್–ಬೋರ್ಡು ತಾಳೆ’, ‘ಬೋರ್ಡು–ರ‍್ಯಾಮ್ ತಾಳೆ’ ಎಂದರೆ ಚಿಕ್ಕದಾಗಿ, ಬಿಗಿಯಾಗಿ ಇರುತ್ತದೆ. ಅಳುಕು ಒಂದೇ: ಚಿಕ್ಕವರಿಗೆ ತಾಳೆ ಎಂದರೆ ಮರವೋ ಎಣ್ಣೆಯೋ ನೆನಪಾದೀತು.

‘ಬಿಡಿಭಾಗ’ ಎಂಬುದನ್ನೂ ಕೇಳಿಬಿಡುತ್ತೇನೆ. ಅದನ್ನು ಕೇಳಿದರೆ ಹಾಳಾದದ್ದರ ಬದಲಿಗೆ ಹಾಕುವ ಸಾಮಾನು ಎಂದೇ ನನಗೆ ಅನಿಸುತ್ತದೆ. ಇನ್ನೂ ಜೋಡಿಸಿಯೇ ಇಲ್ಲದ ಯಂತ್ರಕ್ಕೆ ಅದು ಸರಿಯೇ? ಸದ್ಯಕ್ಕೆ ಬರೀ ‘ಭಾಗಗಳು’ ಎಂದು ಇಟ್ಟಿದ್ದೇನೆ.

ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ಪ್ರೊಸೆಸರ್ ಸಾಕೆಟ್ಟಿನಲ್ಲಿ ‘ಕುಂದ್ರಂಗಿಲ್ಲ’ ಎನ್ನುತ್ತೀರಾ, ಅಥವಾ ಅಲ್ಲಿ ಬೇರೆ ಮಾತಿದೆಯೇ? ಕರಾವಳಿಯಲ್ಲಿ ‘ತಾಳೆ’ ಲೆಕ್ಕಪತ್ರದ ಆಚೆಗೂ ಬಳಕೆಯಲ್ಲಿದೆಯೇ? ಬಡಗಿಗಳು, ಗ್ಯಾರೇಜಿನವರು, ಪಂಪ್‌ಸೆಟ್ ರಿಪೇರಿ ಮಾಡುವವರು ಒಂದಕ್ಕೊಂದು ಸರಿಹೋಗುವ ಭಾಗಗಳಿಗೆ ಏನನ್ನುತ್ತಾರೆ ಎಂದು ಕೇಳಿಸಿಕೊಂಡವರಿದ್ದರೆ ಅದನ್ನೂ ಬರೆಯಿರಿ. ಪಟ್ಟಿಯ ತಲೆಬರಹದ ಜಾಗ ಇನ್ನೂ ಖಾಲಿ ಇದೆ.