ಬ್ರ್ಯಾಂಡ್ ಪುಟದಲ್ಲಿ ಟ್ರೆಂಡ್ ರೀಲ್ಸ್: ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಬಿಡಬೇಕು?

ನೋಟ್‌ಬುಕ್‌ಪುಟ (ಪ್ರಶ್ನೆ)

ನೋಟ್‌ಬುಕ್, ಪೆನ್ನು ಮಾರುವ ಸಣ್ಣ ಬ್ರ್ಯಾಂಡ್ ಒಂದರ ಇನ್‌ಸ್ಟಾಗ್ರಾಂ ಪುಟದ ಕೆಲಸ ನನ್ನದು. ಟ್ರೆಂಡಿಂಗ್ ಆಡಿಯೊ ಅಥವಾ ಮೀಮ್ ಹಾಕಿದಾಗ ವ್ಯೂಸ್ ಜೋರಾಗಿ ಏರುತ್ತದೆ. ಆದರೆ ಫಾಲೋವರ್ಸ್ ಹೆಚ್ಚುವುದಿಲ್ಲ, ವೆಬ್‌ಸೈಟಿಗೆ ಬರುವವರೂ ಇಲ್ಲ. ಮೇಲಿನವರು ಓಡುತ್ತಿರುವ ಟ್ರೆಂಡ್ ಎಲ್ಲವನ್ನೂ ಮಾಡಿ ಅನ್ನುತ್ತಾರೆ. ಅವರ ಒಪ್ಪಿಗೆ ಸಿಗುವಷ್ಟರಲ್ಲಿ ಟ್ರೆಂಡ್ ಹಳಸಿರುತ್ತದೆ. ಯಾವ ಟ್ರೆಂಡ್ ಆರಿಸಬೇಕು? ಆ್ಯಪ್‌ನಲ್ಲಿ ಸಿಗುವ ಹಾಡನ್ನು ಹಾಗೇ ಬಳಸಬಹುದೇ? ಕೊನೆಗೆ ಯಾವ ಅಂಕಿ ನೋಡಿ ತೀರ್ಮಾನಿಸಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಕ್ಕುಪತ್ರ

ಹಾಡಿನ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಇಲ್ಲಿ ಎಡವಿದರೆ ಉಳಿದೆರಡನ್ನು ಸರಿ ಮಾಡಿಯೂ ಪ್ರಯೋಜನವಿಲ್ಲ.

ಆ್ಯಪ್‌ನಲ್ಲಿ ಹಾಡು ಸಿಕ್ಕಿತು ಎಂದ ಮಾತ್ರಕ್ಕೆ ವ್ಯಾಪಾರಕ್ಕೆ ಬಳಸುವ ಹಕ್ಕು ಬರುವುದಿಲ್ಲ. ಜನಪ್ರಿಯ ಹಾಡುಗಳ ಲೈಬ್ರರಿ ಇರುವುದು ವೈಯಕ್ತಿಕ ಬಳಕೆಗೆ. ಬಿಸಿನೆಸ್ ಖಾತೆಯಲ್ಲಿ ಬಹಳಷ್ಟು ಹಾಡುಗಳು ಕಾಣದಿರುವುದು ಇದೇ ಕಾರಣಕ್ಕೆ. ಕೆಲವರು ಖಾತೆಯನ್ನು ಕ್ರಿಯೇಟರ್ ಎಂದು ಬದಲಿಸಿಕೊಂಡು ಹಾಡು ಹಾಕುತ್ತಾರೆ. ಹಣೆಪಟ್ಟಿ ಬದಲಾದರೂ ವಸ್ತು ಮಾರುವ ಪುಟದ ವಿಡಿಯೊ ವಾಣಿಜ್ಯ ಬಳಕೆಯೇ. ಬ್ಯಾಂಗ್ ಎನರ್ಜಿ ಪಾನೀಯದ ಕಂಪನಿಯ ಮೇಲೆ ಯೂನಿವರ್ಸಲ್ ಮತ್ತು ಸೋನಿ ಮ್ಯೂಸಿಕ್ 2021ರಲ್ಲಿ ಅಮೆರಿಕದಲ್ಲಿ ದಾವೆ ಹೂಡಿದ್ದು ಟಿಕ್‌ಟಾಕ್ ವಿಡಿಯೊಗಳಿಗಾಗಿಯೇ. ಕಂಪನಿ ತಾನೇ ಹಾಕಿದ ವಿಡಿಯೊಗಳ ವಿಷಯದಲ್ಲಿ 2022ರಲ್ಲಿ ಎರಡೂ ದಾವೆಗಳಲ್ಲಿ ಅದಕ್ಕೆ ವಿರುದ್ಧವಾಗಿ ತೀರ್ಪು ಬಂತು.

"ಇಷ್ಟು ಸೆಕೆಂಡ್ ದಾಟದಿದ್ದರೆ ತೊಂದರೆಯಿಲ್ಲ" ಎಂಬ ಮಾತನ್ನು ನಂಬಬೇಡಿ. ಅಂಥ ನಿಯಮವೇ ಇಲ್ಲ. "ಒರಿಜಿನಲ್ ಆಡಿಯೊ" ಎಂದು ತೋರಿಸುವುದನ್ನೂ ಪರೀಕ್ಷಿಸಿ: ಯಾರೋ ಒಂದು ಹಾಡಿನ ವೇಗ ಹೆಚ್ಚಿಸಿ ಅಪ್‌ಲೋಡ್ ಮಾಡಿದರೂ ಅದೇ ಹೆಸರು ಬರಬಹುದು.

ಸುರಕ್ಷಿತ ದಾರಿಗಳಿವೆ. ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ಸೌಂಡ್ ಕಲೆಕ್ಷನ್, ಟಿಕ್‌ಟಾಕ್‌ನ ಕಮರ್ಷಿಯಲ್ ಮ್ಯೂಸಿಕ್ ಲೈಬ್ರರಿ ವ್ಯಾಪಾರಿ ಪುಟಗಳಿಗಾಗಿಯೇ ಇರುವಂಥವು. ಅವುಗಳ ಷರತ್ತು ಓದಿ; ಒಂದು ಆ್ಯಪ್‌ನ ಹಾಡನ್ನು ಇನ್ನೊಂದರಲ್ಲಿ ಬಳಸಲು ಅನುಮತಿ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ಇದಕ್ಕಿಂತ ನನಗೆ ಹೆಚ್ಚು ಇಷ್ಟವಾಗುವ ದಾರಿ, ಟ್ರೆಂಡಿನ ವಿನ್ಯಾಸವನ್ನಷ್ಟೇ ತೆಗೆದುಕೊಂಡು ಧ್ವನಿ ನೀವೇ ರೆಕಾರ್ಡ್ ಮಾಡುವುದು. ಪುಟ ತಿರುವುವ ಸದ್ದು, ಪೆನ್ನಿನ ಮುಚ್ಚಳದ ಟಕ್ ಎಂಬ ಸದ್ದು ನಿಮ್ಮ ವಸ್ತುವಿನಲ್ಲೇ ಇದೆಯಲ್ಲ. ಒಂದು ನಿರ್ದಿಷ್ಟ ಹಾಡೇ ಬೇಕೆಂದರೆ ಎರಡು ಹಕ್ಕು ಪಡೆಯಬೇಕು: ರಚನೆಯದ್ದು ಪ್ರಕಾಶಕರಿಂದ, ಧ್ವನಿಮುದ್ರಣದ್ದು ಲೇಬಲ್‌ನಿಂದ. ಒಂದನ್ನು ಪಡೆದು ಇನ್ನೊಂದನ್ನು ಮರೆಯುವುದೇ ಹೆಚ್ಚು.

ಮೀಮ್ ಚಿತ್ರಕ್ಕೂ ಒಡೆಯರಿರುತ್ತಾರೆ. ಗ್ರಂಪಿ ಕ್ಯಾಟ್ ಬೆಕ್ಕಿನ ಚಿತ್ರವನ್ನು ಒಂದು ಪಾನೀಯ ಕಂಪನಿ ಐಸ್ಡ್ ಕಾಫಿಗೆಂದು ಲೈಸೆನ್ಸ್ ಪಡೆದು ಬೇರೆ ವಸ್ತುಗಳ ಮೇಲೂ ಹಾಕಿತು. 2018ರಲ್ಲಿ ಜ್ಯೂರಿ 7,10,001 ಡಾಲರ್ ಪರಿಹಾರ ಕೊಡಿಸಿತು. ಲೈಸೆನ್ಸ್ ಇದ್ದೂ ಅದರ ಎಲ್ಲೆ ದಾಟಿದ್ದಕ್ಕೆ ಬಿದ್ದ ಹೊಡೆತ ಇದು.

ಗುರುತುಗಾರ

ಆಯ್ಕೆಯ ಬಗ್ಗೆ ನಾನು ಹೇಳುತ್ತೇನೆ. ಮೊದಲು ಟ್ರೆಂಡಿನ ಮೂಲಕ್ಕೆ ಹೋಗಿ. ಆಡಿಯೊ ಪುಟ ತೆರೆದು ಸಿಗುವಷ್ಟು ಹಳೆಯ ಪೋಸ್ಟ್ ಹುಡುಕಿ, ಹ್ಯಾಶ್‌ಟ್ಯಾಗ್ ಆದರೆ ಕನಿಷ್ಠ ಇಪ್ಪತ್ತು ಪೋಸ್ಟ್ ಓದಿ. 2014ರಲ್ಲಿ ಡಿಜೋರ್ನೊ ಎಂಬ ಪಿಟ್ಜಾ ಬ್ರ್ಯಾಂಡ್ "ವೈ ಐ ಸ್ಟೇಡ್" (ನಾನೇಕೆ ಬಿಟ್ಟುಹೋಗಲಿಲ್ಲ) ಎಂಬ ಹ್ಯಾಶ್‌ಟ್ಯಾಗ್ ಹಿಡಿದು ಪಿಟ್ಜಾ ಬಗ್ಗೆ ತಮಾಷೆ ಮಾಡಿತು. ಕೌಟುಂಬಿಕ ಹಿಂಸೆ ಅನುಭವಿಸಿದ ಮಹಿಳೆಯರು ತಮ್ಮ ನೋವು ಹೇಳಿಕೊಳ್ಳುತ್ತಿದ್ದ ಜಾಗ ಅದು. ಪೋಸ್ಟ್ ಅಳಿಸಿ, ಪ್ರತಿಯೊಬ್ಬರಿಗೂ ಕ್ಷಮೆ ಕೇಳುತ್ತಾ ಕೂರಬೇಕಾಯಿತು. ನಾಲ್ಕು ಪೋಸ್ಟ್ ಓದಿದ್ದರೆ ಸಾಕಿತ್ತು.

ಆಮೇಲೆ ಹೆಸರು ಮುಚ್ಚಿ ನೋಡಿ. ರೀಲ್ ತಯಾರಾದ ಮೇಲೆ ಖಾತೆಯ ಹೆಸರನ್ನೂ ಲೋಗೋವನ್ನೂ ಕೈಯಿಂದ ಮರೆಮಾಡಿ. ಇದೇ ವಿಡಿಯೊವನ್ನು ನಿಮ್ಮ ಪ್ರತಿಸ್ಪರ್ಧಿ ಒಂದಕ್ಷರ ಬದಲಿಸದೆ ಹಾಕಬಹುದು ಅನಿಸಿದರೆ ಹಾಕಬೇಡಿ. ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ: ಟ್ರೆಂಡ್ ಎಲ್ಲರ ಪುಟದಲ್ಲೂ ಒಂದೇ ಥರ ಕಾಣುತ್ತದೆ, ಆದ್ದರಿಂದ ನೋಡುಗರಿಗೆ ತಮಾಷೆ ನೆನಪಿರುತ್ತದೆ, ಮಾಡಿದವರು ಯಾರೆಂದು ನೆನಪಿರುವುದಿಲ್ಲ.

ಗುರುತು ಕಳೆದರೆ ಏನಾಗುತ್ತದೆ ಎಂಬುದಕ್ಕೆ ಕಿತ್ತಳೆ ರಸ ಮಾರುವ ಟ್ರಾಪಿಕಾನಾ ಉದಾಹರಣೆ ಸಾಕು. 2009ರ ಆರಂಭದಲ್ಲಿ ಸ್ಟ್ರಾ ಚುಚ್ಚಿದ ಕಿತ್ತಳೆಯ ಚಿತ್ರ ತೆಗೆದು ಆಗಿನ ಕಾಲಕ್ಕೆ ಒಪ್ಪುವಂಥ ಸರಳ ವಿನ್ಯಾಸ ತಂದರು. ಎರಡು ತಿಂಗಳೊಳಗೆ ಮಾರಾಟ ಸುಮಾರು 20% ಕುಸಿದು ಹಳೆಯ ಪೊಟ್ಟಣಕ್ಕೇ ಮರಳಿದರು. ರಸ ಅದೇ ಇತ್ತು, ಕಪಾಟಿನಲ್ಲಿ ಗುರುತು ಹಿಡಿಯಲು ಆಗಲಿಲ್ಲ ಅಷ್ಟೇ.

ಹಾಗಾಗಿ ಎಂದೂ ಬದಲಾಗದ ಎರಡು ಮೂರು ಅಂಶ ಗಟ್ಟಿ ಮಾಡಿಕೊಳ್ಳಿ. ಒಂದು ಬಣ್ಣ, ಒಂದೇ ಕೋನದ ಮೇಜು, ಒಂದೇ ಧ್ವನಿ ಅಥವಾ ಒಂದು ಪಾತ್ರ. ಭಾಷೆ ಕಲಿಸುವ ಆ್ಯಪ್ ಡ್ಯುಯೊಲಿಂಗೊ ಯಾವ ಟ್ರೆಂಡ್ ಹಿಡಿದರೂ ಅದರೊಳಗೆ ಆ ಹಸಿರು ಗೂಬೆ ಇದ್ದೇ ಇರುತ್ತದೆ. ಆ ಅಂಶ ಗಟ್ಟಿಯೇ ಎಂದು ಅಳೆಯಲು ಎರೆನ್‌ಬರ್ಗ್-ಬ್ಯಾಸ್ ಎಂಬ ಮಾರ್ಕೆಟಿಂಗ್ ಸಂಶೋಧನಾ ಸಂಸ್ಥೆಯವರ ವಿಧಾನ ಸರಳವಾಗಿದೆ: ಅದನ್ನಷ್ಟೇ ಹೆಸರಿಲ್ಲದೆ ಗ್ರಾಹಕರಿಗೆ ತೋರಿಸಿ, ಯಾವ ಬ್ರ್ಯಾಂಡ್ ನೆನಪಾಯಿತು ಎಂದು ಕೇಳುವುದು. ನೂರರಲ್ಲಿ ಎಷ್ಟು ಜನ ನಿಮ್ಮ ಹೆಸರು ಹೇಳಿದರು ಎಂಬುದು ಒಂದು ಅಳತೆ. ಬಂದ ಒಟ್ಟು ಹೆಸರುಗಳಲ್ಲಿ ನಿಮ್ಮದರ ಪಾಲೆಷ್ಟು ಎಂಬುದು ಇನ್ನೊಂದು. ಮೊದಲನೆಯದು ಹೆಚ್ಚಿದ್ದು ಎರಡನೆಯದು ಕಡಿಮೆಯಿದ್ದರೆ ಆ ಅಂಶ ಇಡೀ ಮಾರುಕಟ್ಟೆಯದ್ದು, ನಿಮ್ಮದೆಂದು ಹೇಳಿಕೊಳ್ಳಲಾಗದು.

ನನ್ನ ಅಭಿಪ್ರಾಯದಲ್ಲಿ ಹತ್ತು ಪೋಸ್ಟ್‌ಗೆ ಎರಡು ಟ್ರೆಂಡ್ ಸಾಕು. ಉಳಿದದ್ದು ನಿಮ್ಮದೇ ಸರಣಿಯಾಗಿರಲಿ.

ಚೌಕಟ್ಟು

ಚಿತ್ರದ ಅಳತೆ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ಸೇರಿಸುತ್ತೇನೆ. ರೀಲ್ 1080×1920 ಪಿಕ್ಸೆಲ್. ಮೇಲೆ 14%, ಕೆಳಗೆ 35%, ಎರಡೂ ಬದಿಗೆ 6% ಜಾಗದಲ್ಲಿ ಅಕ್ಷರ, ಲೋಗೋ ಇಡಬೇಡಿ ಎಂದು ಮೆಟಾ ಜಾಹೀರಾತುಗಳಿಗೆ ಹೇಳುತ್ತದೆ. ಅಂದರೆ ಸುಮಾರು 270, 670 ಮತ್ತು 65 ಪಿಕ್ಸೆಲ್. ಸಾಮಾನ್ಯ ರೀಲ್‌ನಲ್ಲೂ ಬಟನ್, ಕ್ಯಾಪ್ಶನ್ ಇದೇ ಭಾಗಗಳನ್ನು ಮುಚ್ಚುತ್ತವೆ. 2025ರ ಜನವರಿಯಿಂದ ಪ್ರೊಫೈಲ್ ಗ್ರಿಡ್ 3:4 ಆಗಿದೆ, ಹೀಗಾಗಿ ಕವರ್‌ನ ಮೇಲೂ ಕೆಳಗೂ 240 ಪಿಕ್ಸೆಲ್ ಕತ್ತರಿಸಿಹೋಗುತ್ತದೆ. ಚೌಕಾಕಾರದ ಹಳೆಯ ಟೆಂಪ್ಲೇಟ್ ಇನ್ನೂ ಬಳಸುತ್ತಿದ್ದರೆ ಬದಲಿಸಿ.

ಬೇರೆ ಆ್ಯಪ್‌ನ ವಾಟರ್‌ಮಾರ್ಕ್ ಇರುವ ಫೈಲ್ ಹಾಕಬೇಡಿ. ಅಂಥ ವಿಡಿಯೊಗಳನ್ನು ಕಡಿಮೆ ಶಿಫಾರಸು ಮಾಡುವುದಾಗಿ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಎಡಿಟಿಂಗ್ ಆ್ಯಪ್‌ನಿಂದ ಶುದ್ಧ ಫೈಲ್ ತೆಗೆದು ಎರಡೂ ಕಡೆ ಬೇರೆಬೇರೆಯಾಗಿ ಹಾಕಿ. ಶುರುವಿನಲ್ಲಿ ಲೋಗೋ ಅನಿಮೇಷನ್ ಬೇಡ, ಅದು ಮುಗಿಯುವಷ್ಟರಲ್ಲಿ ಜನ ಸ್ವೈಪ್ ಮಾಡಿರುತ್ತಾರೆ. ಗುರುತುಗಾರರು ಹೇಳಿದ ಬಣ್ಣವೋ ಮೇಜೋ ಮೊದಲ ಫ್ರೇಮಿನಲ್ಲೇ ಇರಲಿ.

ನೋಟ್‌ಬುಕ್‌ಪುಟ

ತುಂಬಾ ಉಪಯೋಗವಾಯಿತು, ಮೂವರಿಗೂ ಧನ್ಯವಾದ. ಒಪ್ಪಿಗೆ ತಡವಾಗುವುದಕ್ಕೆ ಏನು ಮಾಡಬಹುದು? ಅಂಕಿಗಳ ವಿಷಯವೂ ಹಾಗೇ ಉಳಿದಿದೆ.

ಎಣಿಕೆಮಣೆ

ಪ್ರತಿ ಪೋಸ್ಟಿಗೂ ಒಪ್ಪಿಗೆ ಕೇಳುವ ಬದಲು ನಿಯಮಗಳಿಗೆ ಒಮ್ಮೆ ಒಪ್ಪಿಗೆ ಪಡೆಯಿರಿ. ಒಂದೇ ಪುಟದ ಪತ್ರ ಸಾಕು: ಮುಟ್ಟಬಾರದ ವಿಷಯಗಳು (ಸಾವು, ದುರಂತ, ಕಾಯಿಲೆ, ಧರ್ಮ, ರಾಜಕೀಯ), ಒಪ್ಪಿದ ಆಡಿಯೊ ಮೂಲಗಳು, ಬರೆಯುವವರು ಒಬ್ಬರು, ನೋಡುವವರು ಇನ್ನೊಬ್ಬರು, ಉತ್ತರಕ್ಕೆ ನಾಲ್ಕು ಗಂಟೆ ಗಡುವು. ಗಡುವಿನೊಳಗೆ ಉತ್ತರ ಬರದಿದ್ದರೆ ಆ ಟ್ರೆಂಡ್ ಕೈಬಿಟ್ಟಂತೆ. 2013ರ ಸೂಪರ್ ಬೌಲ್ ಪಂದ್ಯದಲ್ಲಿ ದೀಪ ಆರಿದಾಗ ಓರಿಯೊ ನಿಮಿಷಗಳಲ್ಲಿ ಟ್ವೀಟ್ ಹಾಕಲು ಸಾಧ್ಯವಾದದ್ದು, ಒಪ್ಪಿಗೆ ಕೊಡಬೇಕಾದವರು ಏಜೆನ್ಸಿಯವರ ಜೊತೆ ಅಲ್ಲೇ ಕೂತಿದ್ದರಿಂದ.

ಅಂಕಿಗಳಿಗೆ ಬರೋಣ. ವ್ಯೂಸ್‌ನಲ್ಲಿ ಒಬ್ಬರೇ ಮತ್ತೆ ಮತ್ತೆ ನೋಡಿದ್ದೂ ಸೇರುತ್ತದೆ, ಅದಕ್ಕೆ ಯಾವ ಪ್ರಮಾಣ ತೆಗೆಯುವಾಗಲೂ ವ್ಯೂಸ್ ಬದಲು ತಲುಪಿದ ಖಾತೆಗಳ ಸಂಖ್ಯೆಯಿಂದ ಭಾಗಿಸಿ. ನೋಡಿದ ಸಮಯ, ತಲುಪಿದವರಲ್ಲಿ ಲೈಕ್ ಕೊಟ್ಟವರ ಪ್ರಮಾಣ, ತಲುಪಿದವರಲ್ಲಿ ಇತರರಿಗೆ ಕಳಿಸಿದವರ ಪ್ರಮಾಣ ಮುಖ್ಯವೆಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಮ್ ಮೊಸ್ಸೇರಿ 2025ರ ಜನವರಿಯಲ್ಲಿ ಹೇಳಿದ್ದಾರೆ. ಫಾಲೋ ಮಾಡದವರನ್ನು ತಲುಪಲು ಕಳಿಸುವಿಕೆಯ ತೂಕ ಹೆಚ್ಚು. 20,000 ಖಾತೆ ತಲುಪಿ 60 ಸಲ ಕಳಿಸಿದ್ದರೆ 0.3%. 3,000 ತಲುಪಿ 45 ಸಲ ಕಳಿಸಿದ್ದರೆ 1.5%. ಎರಡನೆಯದೇ ಒಳ್ಳೆಯ ರೀಲ್.

ಟ್ರೆಂಡ್ ರೀಲ್ ಹತ್ತು, ನಿಮ್ಮದೇ ಸರಣಿಯದ್ದು ಹತ್ತು ತೆಗೆದುಕೊಳ್ಳಿ. ಪ್ರತಿಯೊಂದರ ಅಂಕಿಯನ್ನೂ ಹಾಕಿದ ಏಳನೇ ದಿನವೇ ಬರೆದಿಡಿ, ಇಲ್ಲದಿದ್ದರೆ ಹಳೆಯದಕ್ಕೆ ಅನ್ಯಾಯವಾಗಿ ಲಾಭ ಸಿಗುತ್ತದೆ. ಸರಾಸರಿ ಬೇಡ, ವೈರಲ್ ಆದ ಒಂದೇ ರೀಲ್ ಅದನ್ನು ಎಳೆದುಬಿಡುತ್ತದೆ. ಏರಿಕೆಯ ಕ್ರಮದಲ್ಲಿ ಜೋಡಿಸಿ ಐದನೇ ಮತ್ತು ಆರನೇ ಅಂಕಿಯ ಮಧ್ಯದ ಬೆಲೆ ಹಿಡಿಯಿರಿ. ಸಾವಿರ ಖಾತೆಗೆ ಎಷ್ಟು ಹೊಸ ಫಾಲೋ ಎಂಬುದನ್ನೂ ಹೀಗೇ ಲೆಕ್ಕ ಹಾಕಿ. ಬಯೋ ಲಿಂಕ್‌ಗೆ ಯುಟಿಎಂ (ಎಲ್ಲಿಂದ ಬಂದರೆಂದು ತೋರಿಸುವ ಗುರುತು) ಸೇರಿಸಿದರೆ ವೆಬ್‌ಸೈಟಿಗೆ ಬಂದವರಲ್ಲಿ ಇನ್‌ಸ್ಟಾಗ್ರಾಂನಿಂದ ಬಂದವರನ್ನು ಬೇರ್ಪಡಿಸಬಹುದು.

ಗುರುತುಗಾರ

ಎಣಿಕೆಮಣೆಯವರ ಲೆಕ್ಕ ಒಪ್ಪುತ್ತೇನೆ, ಒಂದು ತಿದ್ದುಪಡಿ ಮಾತ್ರ. ತಮಾಷೆಗಾಗಿಯೇ ಕಳಿಸಿಕೊಳ್ಳುವ ರೀಲ್‌ನಲ್ಲೂ ಆ ಪ್ರಮಾಣ ಏರುತ್ತದೆ. ಆದ್ದರಿಂದ ಪಕ್ಕದಲ್ಲಿ ಇನ್ನೊಂದು ಕಾಲಂ ಇಡಿ: ಮೊದಲ ಐವತ್ತು ಕಾಮೆಂಟ್‌ಗಳಲ್ಲಿ ನೋಟ್‌ಬುಕ್ಕು, ಕಾಗದ, ಪೆನ್ನು, ಬೆಲೆ ಅಥವಾ ನಿಮ್ಮ ಹೆಸರು ಎಷ್ಟು ಕಡೆ ಬಂದಿದೆ. ಅದು ಸೊನ್ನೆಯಾಗಿದ್ದು ಕಳಿಸುವಿಕೆ ಜೋರಾಗಿದ್ದರೆ, ಅದೇ ಟ್ರೆಂಡನ್ನು ಮತ್ತೆ ಮಾಡುವ ಮೊದಲು ವಸ್ತುವನ್ನು ತಮಾಷೆಯ ನಡುವಿಗೇ ತರಲು ಸಾಧ್ಯವೇ ನೋಡಿ. ಆಗದಿದ್ದರೆ ಆ ವಾರ ಸರಣಿಯ ಇನ್ನೊಂದು ಕಂತು ಹಾಕಿ.